ಇಂಗ್ಲಿಷ್ ನುಡಿಗಟ್ಟಿಗೆ ಬಾಲವೂ ಉಂಟು

ಮಣಿಪಾಲದ ಆಸ್ಪತ್ರೆಯ ಕೌಂಟರ್, ಬಜಪೆಯ ವಿಮಾನ ನಿಲ್ದಾಣ, ಮಂಗಳೂರಿನ ಐಟಿ ಕಚೇರಿ, ಮಲ್ಪೆಯಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೊರಡುವ ಜಾಗ, ಎಲ್ಲ ಕಡೆ ದಿನವಿಡೀ ಇಂಗ್ಲಿಷ್ ಮಾತಾಡಬೇಕಾಗುತ್ತದೆ. ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಂದು ಮೂರು ನಾಲ್ಕು ಭಾಷೆ ಸಲೀಸಾಗಿ ಆಡುವ ನಮ್ಮವರಿಗೆ ಇಂಗ್ಲಿಷ್ ಶಬ್ದಗಳಿಗೇನೂ ಬರ ಇಲ್ಲ. ಕಷ್ಟ ಬರುವುದು ನುಡಿಗಟ್ಟುಗಳಲ್ಲಿ. ಮೊದಲರ್ಧ ಬಾಯಿಗೆ ಸರಿಯಾಗಿ ಬರುತ್ತದೆ. ಅದರ ಹಿಂದೆ ಯಾವ ರೂಪ ಬರಬೇಕು, ಯಾರಾದರೂ ಹಾಗೆ ಕೇಳಿದರೆ ಉತ್ತರ ಏನು ಕೊಡಬೇಕು, ಅಲ್ಲಿ ಎಡವುತ್ತಾರೆ. ನುಡಿಗಟ್ಟನ್ನು ಕಲಿಯುವಾಗಲೇ ಅದರ ಬಾಲವನ್ನೂ ಉತ್ತರವನ್ನೂ ಒಟ್ಟಿಗೆ ಕಲಿಯಬೇಕು.

ಇಮೇಲ್‌ನ ಕೊನೆಯಲ್ಲಿ ಬರುವ ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಎಂಬ ಸಾಲನ್ನೇ ತೆಗೆದುಕೊಳ್ಳಿ. ಅದು ‘ಟು ಮೀಟಿಂಗ್ ಯು’ ಆಗಬೇಕು. ‘ಐ ವಾಂಟ್ ಟು ಮೀಟ್’ ಎನ್ನುವಾಗ ಬರುವ ‘ಟು’ ಬೇರೆ, ಇದು ಬೇರೆ. ಇದು ‘ಐ ಆಮ್ ಗೋಯಿಂಗ್ ಟು ಉಡುಪಿ’ ಎನ್ನುವಲ್ಲಿನ ‘ಟು’, ಅಂದರೆ ನಮ್ಮ ‘-ಗೆ’ ಪ್ರತ್ಯಯದ ಹಾಗೆ. ಅನುಮಾನ ಬಂದರೆ ಪರೀಕ್ಷೆ ಸುಲಭ: ‘ಟು’ ಆದ ಮೇಲೆ ಒಂದು ನಾಮಪದ ಇಟ್ಟು ನೋಡಿ. ‘ಲುಕಿಂಗ್ ಫಾರ್ವರ್ಡ್ ಟು ದ ಮೀಟಿಂಗ್’ ಸರಿಯಾಗಿ ಕೂರುತ್ತದೆ. ನಾಮಪದ ಕೂತರೆ, ಅಲ್ಲಿ ಬರುವ ಕ್ರಿಯಾಪದಕ್ಕೆ ‘ಇಂಗ್’ ಸೇರಿಸಬೇಕು. ‘ವಾಂಟ್ ಟು’ ಆದ ಮೇಲೆ ‘ದ ಮೀಟಿಂಗ್’ ಎಂದು ಇಡಲು ಬರುವುದಿಲ್ಲ, ಹಾಗಾಗಿ ಅಲ್ಲಿ ‘ಮೀಟ್’. ‘ಅಬ್ಜೆಕ್ಟ್ ಟು’, ‘ಕಮಿಟೆಡ್ ಟು’ ಎಂಬವೂ ಇದೇ ಪರೀಕ್ಷೆಯಲ್ಲಿ ಬಗೆಹರಿಯುತ್ತವೆ.

‘ಯೂಸ್ಡ್ ಟು’ ವಿಷಯ ಇನ್ನಷ್ಟು ಸಿಕ್ಕು. ‘ಐ ಯೂಸ್ಡ್ ಟು ಲಿವ್ ಇನ್ ಮುಂಬೈ’ ಎಂದರೆ ಹಿಂದೆ ಅಲ್ಲಿದ್ದೆ, ಈಗ ಇಲ್ಲ. ‘ಐ ಆಮ್ ಯೂಸ್ಡ್ ಟು ದಿಸ್ ರೇನ್’ ಎಂದರೆ ಈ ಮಳೆ ನನಗೆ ಅಭ್ಯಾಸ ಆಗಿದೆ. ನಡುವೆ ಒಂದು ‘ಆಮ್’ ಬಂದ ಕೂಡಲೇ ಅರ್ಥವೇ ಬದಲು. ಎರಡನೆಯದಕ್ಕೆ ಮೇಲಿನ ಪರೀಕ್ಷೆ ಅನ್ವಯಿಸುತ್ತದೆ, ಆದ್ದರಿಂದ ‘ಐ ಆಮ್ ಯೂಸ್ಡ್ ಟು ಡ್ರೈವಿಂಗ್ ಅಟ್ ನೈಟ್’. ನಮ್ಮಲ್ಲಿ ಬಹಳ ಜನ ‘ದಿನಾ ಬಸ್ಸಲ್ಲಿ ಹೋಗ್ತೇನೆ’ ಎನ್ನಲು ‘ಐ ಯೂಸ್ಡ್ ಟು ಗೋ ಬೈ ಬಸ್’ ಎನ್ನುತ್ತಾರೆ. ಕೇಳುವವರಿಗೆ ನೀವು ಬಸ್ಸು ಬಿಟ್ಟು ಕಾರು ತೆಗೆದುಕೊಂಡಿದ್ದೀರಿ ಎಂದು ಅರ್ಥ ಆಗುತ್ತದೆ. ಈಗಿನ ರೂಢಿಗೆ ‘ಐ ಯೂಶುವಲಿ ಗೋ ಬೈ ಬಸ್’ ಸಾಕು. ಉಚ್ಚಾರದಲ್ಲೂ ಒಂದು ಗುಟ್ಟು ಇದೆ. ಈ ನುಡಿಗಟ್ಟಿನಲ್ಲಿ ‘ಡ್’ ಕೇಳಿಸುವುದೇ ಇಲ್ಲ, ‘ಯೂಸ್ಟು’ ಎಂದು ಒಂದೇ ಉಸಿರಿನಲ್ಲಿ ಬರುತ್ತದೆ. ‘ಬಳಸಿದೆ’ ಎಂಬ ಅರ್ಥದಲ್ಲಿ ಮಾತ್ರ ‘ಯೂಜ಼್ಡ್’. ಇದು ತಿಳಿಯದೆ ಸಿನಿಮಾ ನೋಡುವಾಗ, ವಿದೇಶದ ಕರೆ ಕೇಳುವಾಗ ಆ ನುಡಿಗಟ್ಟು ಬಂದದ್ದೇ ಗೊತ್ತಾಗುವುದಿಲ್ಲ.

ಉತ್ತರದಲ್ಲಿ ಎಡವುವುದಕ್ಕೆ ‘ವುಡ್ ಯು ಮೈಂಡ್’ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕೌಂಟರಿನಲ್ಲಿ ಒಬ್ಬರು ‘ವುಡ್ ಯು ಮೈಂಡ್ ವೇಟಿಂಗ್ ಫಾರ್ ಟೆನ್ ಮಿನಿಟ್ಸ್?’ ಎಂದು ಕೇಳುತ್ತಾರೆ. ನಮ್ಮ ಮನಸ್ಸಿನಲ್ಲಿ ಅದು ‘ಹತ್ತು ನಿಮಿಷ ಕಾಯ್ತೀರಾ?’ ಎಂದಾಗುತ್ತದೆ, ಬಾಯಿಯಿಂದ ‘ಯೆಸ್, ಯೆಸ್’ ಬರುತ್ತದೆ. ಆದರೆ ಅವರು ಕೇಳಿದ್ದು ‘ಕಾಯುವುದರಿಂದ ನಿಮಗೆ ಬೇಸರವೇ?’ ಎಂದು. ‘ಯೆಸ್’ ಎಂದರೆ ‘ಹೌದು, ಬೇಸರ’. ಒಪ್ಪಿಗೆ ಇದ್ದರೆ ‘ನೋ, ನಾಟ್ ಅಟ್ ಆಲ್’ ಎನ್ನಬೇಕು. ಗೊಂದಲ ಬೇಡ ಎಂದಿದ್ದರೆ ‘ಶೂರ್’ ಎಂದುಬಿಡಿ, ಎಲ್ಲರಿಗೂ ಅರ್ಥ ಆಗುತ್ತದೆ. ಒಪ್ಪಿಗೆ ಇಲ್ಲದಿದ್ದರೂ ಬರಿಯ ‘ಯೆಸ್’ ಎಂದು ನಿಲ್ಲಿಸುವುದು ಒರಟು. ‘ಐ ಆಮ್ ಸಾರಿ, ಐ ಹ್ಯಾವ್ ಎ ಟ್ರೈನ್ ಟು ಕ್ಯಾಚ್’ ಎಂದು ಕಾರಣ ಹೇಳುವುದು ಕ್ರಮ. ನೀವೇ ಏನಾದರೂ ಮಾಡಲು ಅನುಮತಿ ಕೇಳುವಾಗ ‘ಡು ಯು ಮೈಂಡ್ ಇಫ್ ಐ ಓಪನ್ ದ ವಿಂಡೋ?’ ಎನ್ನಬಹುದು. ಇನ್ನೂ ನಯ ಬೇಕಾದರೆ ‘ವುಡ್ ಯು ಮೈಂಡ್ ಇಫ್ ಐ ಓಪನ್ಡ್ ದ ವಿಂಡೋ?’. ‘ವುಡ್’ ಬಂದಾಗ ‘ಓಪನ್ಡ್’ ಎಂದು ಭೂತಕಾಲದ ರೂಪ ಬರುತ್ತದೆ, ಕಿಟಕಿ ಇನ್ನೂ ತೆರೆದಿರುವುದಿಲ್ಲ.

ಇದೇ ಹೌದು–ಇಲ್ಲದ ತೊಡಕು ಆಸ್ಪತ್ರೆಯಲ್ಲಿ ಅಪಾಯಕ್ಕೂ ದಾರಿ. ನರ್ಸ್ ‘ಯು ಆರ್ ನಾಟ್ ಅಲರ್ಜಿಕ್ ಟು ಎನಿ ಮೆಡಿಸಿನ್, ರೈಟ್?’ ಎಂದು ಕೇಳಿದರೆ ನಮ್ಮವರು ‘ಯೆಸ್’ ಎನ್ನುತ್ತಾರೆ. ಕನ್ನಡದಲ್ಲಿ ‘ಅಲರ್ಜಿ ಇಲ್ಲ ಅಲ್ವಾ?’ ಎಂದರೆ ‘ಹೌದು, ಇಲ್ಲ’ ಎನ್ನುವುದು ಸಹಜ. ನಾವು ಒಪ್ಪುವುದು ಕೇಳಿದವರ ಮಾತನ್ನು. ಇಂಗ್ಲಿಷಿನಲ್ಲಿ ಉತ್ತರ ಹೋಗುವುದು ಸಂಗತಿಯ ಹಿಂದೆ: ಅಲರ್ಜಿ ಇಲ್ಲ ಎಂದರೆ ‘ನೋ’, ಪ್ರಶ್ನೆ ಹೇಗೇ ಕೇಳಲಿ. ಕೇಳುವವರು ಪ್ರಶ್ನೆಯನ್ನೇ ನೇರ ಮಾಡಿ ‘ಆರ್ ಯು ಅಲರ್ಜಿಕ್ ಟು ಎನಿ ಮೆಡಿಸಿನ್?’ ಎನ್ನಬೇಕು. ಉತ್ತರಿಸುವವರು ‘ನೋ, ಐ ಆಮ್ ನಾಟ್’ ಎಂದು ಪೂರ್ತಿ ಹೇಳಬೇಕು. ಆಸ್ಪತ್ರೆಯ ಸಿಬ್ಬಂದಿ ಬೇರೆ ಯಾವ ನುಡಿಗಟ್ಟು ಕಲಿಯದಿದ್ದರೂ ಇದೊಂದನ್ನು ಅಭ್ಯಾಸ ಮಾಡಿಕೊಳ್ಳಲೇಬೇಕು.

ನಮ್ಮ ‘-ಇಂದ’ ಪ್ರತ್ಯಯ ತರುವ ತಪ್ಪು ಬಯೋಡೇಟಾಗಳಲ್ಲಿ ತುಂಬಾ ಕಾಣುತ್ತದೆ. ‘ಎರಡು ವರ್ಷದಿಂದ’, ‘2022ರಿಂದ’ ಎರಡಕ್ಕೂ ನಾವು ಒಂದೇ ಪ್ರತ್ಯಯ ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಶುರುವಾದ ಬಿಂದುವಿಗೆ ‘ಸಿನ್ಸ್’, ಅವಧಿಗೆ ‘ಫಾರ್’. ಕ್ರಿಯಾಪದವೂ ಬದಲಾಗುತ್ತದೆ. ‘ಕೆಲಸ ಮಾಡ್ತಾ ಇದ್ದೇನೆ’ ಎಂಬುದನ್ನು ಹಾಗೇ ಇಳಿಸಿದರೆ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟು ಇಯರ್ಸ್’ ಎಂದಾಗಿ ಎರಡು ತಪ್ಪು ಒಂದೇ ಸಾಲಲ್ಲಿ ಸೇರುತ್ತವೆ. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟು ಇಯರ್ಸ್’ ಎಂಬುದನ್ನು ಇಡೀ ವಾಕ್ಯವಾಗಿ ಬಾಯಿಪಾಠ ಮಾಡಿ, ಇಸವಿ ಹೇಳುವಾಗ ಮಾತ್ರ ಕೊನೆಯ ತುಂಡನ್ನು ‘ಸಿನ್ಸ್ 2022’ ಎಂದು ಬದಲಿಸಿ.

ಕನ್ನಡವೇ ದಾರಿ ತೋರಿಸುವ ಜಾಗಗಳೂ ಇವೆ. ‘ಶುಕ್ರವಾರದ ಒಳಗೆ’, ‘ಶುಕ್ರವಾರದವರೆಗೆ’ ಎಂಬ ವ್ಯತ್ಯಾಸ ನಮಗೆ ಹುಟ್ಟಿನಿಂದ ಗೊತ್ತು. ಒಳಗೆ ಮುಗಿಸುವುದಕ್ಕೆ ‘ಬೈ ಫ್ರೈಡೇ’, ಅಲ್ಲಿಯವರೆಗೆ ನಡೆಯುತ್ತಲೇ ಇರುವುದಕ್ಕೆ ‘ಅಂಟಿಲ್ ಫ್ರೈಡೇ’ ಅಥವಾ ‘ಟಿಲ್ ಫ್ರೈಡೇ’. ರಿಪೋರ್ಟ್ ಕಳಿಸುವುದು ‘ಬೈ ಫೈವ್’, ಕಚೇರಿಯಲ್ಲಿ ಇರುವುದು ‘ಅಂಟಿಲ್ ಫೈವ್’. ಎಚ್ಚರಿಕೆ ಬೇಕಾದದ್ದು ‘ಒಳಗೆ’ ಎಂದ ಕೂಡಲೇ ನೆನಪಾಗುವ ‘ವಿದಿನ್’ ವಿಷಯದಲ್ಲಿ. ಅದು ಅವಧಿಗೆ ಮಾತ್ರ: ‘ವಿದಿನ್ ಟು ಡೇಸ್’ ಸರಿ, ‘ವಿದಿನ್ ಫ್ರೈಡೇ’ ಆಗುವುದಿಲ್ಲ.

ತುಳುವರಿಗೆ ಇನ್ನೊಂದು ಅನುಕೂಲ ಇದೆ. ಕೇಳುವವರನ್ನೂ ಸೇರಿಸಿ ‘ನಾವು’ ಎನ್ನಲು ‘ನಮ’, ಅವರನ್ನು ಬಿಟ್ಟು ಹೇಳಲು ‘ಎಂಕುಲು’. ಇಂಗ್ಲಿಷಿನ ‘ವಿ’ ಎರಡಕ್ಕೂ ಒಂದೇ. ಗ್ರಾಹಕರಿಗೆ ‘ವಿ ವಿಲ್ ವಿಸಿಟ್ ದ ಸೈಟ್ ಟುಮಾರೋ’ ಎಂದರೆ ತಾವೂ ಬರಬೇಕೇ ಎಂಬ ಅನುಮಾನ ಅವರಿಗೆ ಉಳಿಯುತ್ತದೆ. ಮನಸ್ಸಲ್ಲಿ ‘ನಮ’ ಇದ್ದರೆ ‘ಲೆಟ್ಸ್ ವಿಸಿಟ್’, ‘ಎಂಕುಲು’ ಇದ್ದರೆ ‘ಅವರ್ ಟೀಮ್ ವಿಲ್ ವಿಸಿಟ್’ ಎನ್ನಿ.

ಇನ್ನು ‘ಮಾಡು’ ಮತ್ತು ‘ಆಗು’. ಇಂಗ್ಲಿಷ್ ಶಬ್ದ ಕನ್ನಡಕ್ಕೆ ಬಂದರೆ ನಾವು ಈ ಎರಡರಲ್ಲಿ ಒಂದನ್ನು ಜೋಡಿಸುತ್ತೇವೆ: ಫ್ಯಾನ್ ಆಫ್ ಮಾಡು, ಬಸ್ ಮಿಸ್ ಆಯ್ತು, ಲೇಟ್ ಆಯ್ತು. ಕನ್ನಡದಲ್ಲಿ ಇದು ಚೊಕ್ಕ ವ್ಯವಸ್ಥೆ. ತಿರುಗಿ ಇಂಗ್ಲಿಷಿಗೆ ಹೋಗುವಾಗ ‘ಮಾಡು’ ಉದುರಿಹೋಗುತ್ತದೆ, ‘ಆಫ್ ದ ಫ್ಯಾನ್’ ಎಂದಷ್ಟೇ ಉಳಿಯುತ್ತದೆ. ‘ಆಫ್’ ಅಲ್ಲಿ ಕ್ರಿಯಾಪದ ಅಲ್ಲ. ‘ಟರ್ನ್ ಆಫ್ ದ ಫ್ಯಾನ್’ ಅಥವಾ ‘ಸ್ವಿಚ್ ಆಫ್ ದ ಫ್ಯಾನ್’ ಎನ್ನಬೇಕು. ‘ಬಸ್ ಮಿಸ್ ಆಯ್ತು’ ಎನ್ನುವಲ್ಲಿ ಬಸ್ಸು ಕರ್ತೃ, ಇಂಗ್ಲಿಷಿನಲ್ಲಿ ಹೊಣೆ ನಮ್ಮ ಮೇಲೆ: ‘ಐ ಮಿಸ್ಡ್ ದ ಬಸ್’. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟಾಪಿನಲ್ಲಿ ನಿಂತು ಆಫೀಸಿಗೆ ಫೋನ್ ಮಾಡುವವರು ‘ಐ ಆಮ್ ರನ್ನಿಂಗ್ ಲೇಟ್, ಐ ವಿಲ್ ಬಿ ದೇರ್ ಬೈ ನೈನ್ ತರ್ಟಿ’ ಎಂದರೆ ಎರಡೇ ತುಂಡಿನಲ್ಲಿ ಪೂರ್ತಿ ವಿಷಯ ಮುಟ್ಟುತ್ತದೆ.

‘ಟರ್ನ್ ಆಫ್’, ‘ಪಿಕ್ ಅಪ್’, ‘ಫಿಲ್ ಇನ್’, ‘ಪುಟ್ ಆಫ್’ನಂಥ ಜೋಡಿಗಳಲ್ಲಿ ಇನ್ನೊಂದು ನಿಯಮ ನೆನಪಿಡಿ. ವಸ್ತುವಿನ ಹೆಸರು ಕೊನೆಯಲ್ಲೂ ಬರಬಹುದು, ನಡುವೆಯೂ ಬರಬಹುದು: ‘ಫಿಲ್ ಇನ್ ದ ಫಾರ್ಮ್’, ‘ಫಿಲ್ ದ ಫಾರ್ಮ್ ಇನ್’. ಹೆಸರಿನ ಬದಲು ಸರ್ವನಾಮ ಬಂದರೆ ಅದು ನಡುವೆಯೇ ಇರಬೇಕು: ‘ಫಿಲ್ ಇಟ್ ಇನ್’, ‘ಪಿಕ್ ಮಿ ಅಪ್ ಅಟ್ ಪಡುಬಿದ್ರಿ’. ‘ಪಿಕ್ ಅಪ್ ಮಿ’ ಎಂದರೆ ತಪ್ಪು. ‘ಲುಕ್ ಆಫ್ಟರ್’, ‘ಲುಕ್ ಫಾರ್’, ‘ಲುಕ್ ಇಂಟು’ನಂಥವು ಬಿಡಿಸಲು ಬಾರದವು: ‘ಐ ವಿಲ್ ಲುಕ್ ಇಂಟು ಇಟ್’ ಎಂದೇ ಹೇಳಬೇಕು. ಯಾವುದು ಬಿಡಿಸುತ್ತದೆ, ಯಾವುದು ಬಿಡಿಸುವುದಿಲ್ಲ ಎಂದು ಪಟ್ಟಿ ಉರು ಹೊಡೆಯುವುದು ವ್ಯರ್ಥ ಶ್ರಮ. ಹೊಸ ಜೋಡಿ ಸಿಕ್ಕಿದಾಗ ‘ಇಟ್’ ಸೇರಿಸಿಯೇ ಪುಸ್ತಕದಲ್ಲಿ ಬರೆದಿಡಿ. ‘ಟರ್ನ್ ಇಟ್ ಆಫ್’, ‘ಲುಕ್ ಇಂಟು ಇಟ್’ ಎಂದು ಬರೆದರೆ ನಿಯಮ ಅದರೊಳಗೇ ಇರುತ್ತದೆ.

ವಿನಯದ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಲ್ಲಿ ವ್ಯಾಕರಣ ಸರಿ ಇದ್ದೂ ಮನಸ್ಸು ಮುರಿಯುತ್ತದೆ. ಕನ್ನಡದಲ್ಲಿ ‘ಕೊಡಿ’ ಎಂಬುದರೊಳಗೇ ಮರ್ಯಾದೆ ಇದೆ, ‘ಸ್ವಲ್ಪ ಕೊಡಿ ಮಾರಾಯ್ರೆ’ ಎಂದರೆ ಆತ್ಮೀಯತೆಯೂ ಸೇರಿತು. ಇಂಗ್ಲಿಷಿನ ‘ಗಿವ್’ನಲ್ಲಿ ಅದು ಯಾವುದೂ ಇಲ್ಲ. ‘ಪ್ಲೀಸ್’ ಸೇರಿಸಿದರೂ ‘ಪ್ಲೀಸ್ ಗಿವ್ ಮಿ ದ ಫೈಲ್’ ಆಜ್ಞೆಯ ಹಾಗೆಯೇ ಕೇಳಬಹುದು. ಮರ್ಯಾದೆಯ ಭಾರ ಹೊರುವುದು ‘ಕುಡ್’ ಮತ್ತು ‘ವುಡ್’: ‘ಕುಡ್ ಯು ಪಾಸ್ ಮಿ ದ ಫೈಲ್, ಪ್ಲೀಸ್?’. ಕೇಳಿಸದಿದ್ದಾಗ ನಮ್ಮೂರಲ್ಲಿ ‘ಎಂತ?’ ಎಂದರೆ ಯಾರಿಗೂ ಬೇಸರ ಇಲ್ಲ. ಅದನ್ನೇ ‘ವಾಟ್?’ ಎಂದರೆ ಜಗಳಕ್ಕೆ ನಿಂತಂತೆ ಇರುತ್ತದೆ. ‘ಸಾರಿ?’ ಎಂದು ಸ್ವರ ಏರಿಸಿ ಕೇಳಿ, ಅಥವಾ ‘ಸಾರಿ, ಐ ಡಿಡಂಟ್ ಕ್ಯಾಚ್ ದ್ಯಾಟ್’ ಎನ್ನಿ. ಹೊರಡುವಾಗ ನಾವು ‘ಬರ್ತೇನೆ’ ಎನ್ನುತ್ತೇವೆ. ‘ಐ ವಿಲ್ ಕಮ್’ ಎಂದು ಎದ್ದು ಹೋದರೆ ಎದುರಿನವರು ಕಾಯುತ್ತಾ ಕೂರುತ್ತಾರೆ. ಅಲ್ಲಿ ‘ಐ ಶುಡ್ ಗೆಟ್ ಗೋಯಿಂಗ್’ ಅಥವಾ ‘ಸೀ ಯು’.

ಕಚೇರಿಯ ಇಂಗ್ಲಿಷಿನಲ್ಲಿ ‘ಡು ದ ನೀಡ್‌ಫುಲ್’, ‘ರಿವರ್ಟ್’, ‘ಔಟ್ ಆಫ್ ಸ್ಟೇಷನ್’, ‘ಪಾಸ್ಡ್ ಔಟ್’, ‘ಪ್ರೀಪೋನ್’ ಎಂಬವನ್ನು ತಪ್ಪು ಎಂದು ಹೊಡೆದುಹಾಕುವ ಶಿಕ್ಷಕರು ಇದ್ದಾರೆ. ಅದಕ್ಕೆ ನಮ್ಮ ಒಪ್ಪಿಗೆ ಇಲ್ಲ. ಇವು ಭಾರತದ ಇಂಗ್ಲಿಷ್. ‘ಪ್ರೀಪೋನ್’ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಜಾಗ ಪಡೆದಿದೆ. ಉಡುಪಿಯಿಂದ ಬೆಂಗಳೂರಿಗೆ ಬರೆಯುವಾಗ ಧಾರಾಳವಾಗಿ ಬಳಸಿ. ಹೊರದೇಶದವರಿಗೆ ಬರೆಯುವಾಗ ಮಾತ್ರ ಬದಲಿಸಿ, ಏಕೆಂದರೆ ಅವರಿಗೆ ‘ಪಾಸ್ಡ್ ಔಟ್’ ಎಂದರೆ ಪ್ರಜ್ಞೆ ತಪ್ಪಿ ಬಿದ್ದದ್ದು, ‘ರಿವರ್ಟ್’ ಎಂದರೆ ಹಿಂದಿನ ಸ್ಥಿತಿಗೆ ಮರಳಿದ್ದು. ‘ಪಾಸ್ಡ್ ಔಟ್’ಗೆ ‘ಗ್ರಾಜುಯೇಟೆಡ್’, ‘ರಿವರ್ಟ್’ಗೆ ‘ರಿಪ್ಲೈ’, ‘ಔಟ್ ಆಫ್ ಸ್ಟೇಷನ್’ಗೆ ‘ಔಟ್ ಆಫ್ ಟೌನ್’, ‘ಪ್ರೀಪೋನ್’ಗೆ ‘ಬ್ರಿಂಗ್ ಫಾರ್ವರ್ಡ್’ ಇಟ್ಟರಾಯಿತು. ‘ಡು ದ ನೀಡ್‌ಫುಲ್’ ಬಗ್ಗೆ ಇರುವ ಆಕ್ಷೇಪವೇ ಬೇರೆ: ಏನು ಬೇಕು ಎಂದು ಅದು ಹೇಳುವುದೇ ಇಲ್ಲ. ‘ಕುಡ್ ಯು ಸೈನ್ ದ ಸೆಕೆಂಡ್ ಪೇಜ್ ಆಂಡ್ ಸೆಂಡ್ ಇಟ್ ಬ್ಯಾಕ್ ಬೈ ಫ್ರೈಡೇ?’ ಎಂದು ಬರೆದರೆ ಕೆಲಸ, ಪುಟ, ಗಡುವು ಮೂರೂ ಒಂದೇ ವಾಕ್ಯದಲ್ಲಿ ಇರುತ್ತವೆ, ಇನ್ನೊಂದು ಮೇಲ್ ಬರೆಯುವ ಅಗತ್ಯ ಬೀಳುವುದಿಲ್ಲ.

ಫೋನಿನಲ್ಲಿ ಮುಖ ಕಾಣುವುದಿಲ್ಲ, ಹಾಗಾಗಿ ಸಿದ್ಧ ನುಡಿಗಟ್ಟು ಇನ್ನೂ ಹೆಚ್ಚು ಬೇಕು. ‘ಹೂ ಆರ್ ಯು?’ ಎಂದು ಕೇಳಬೇಡಿ, ‘ಮೇ ಐ ನೋ ಹೂ ಇಸ್ ಕಾಲಿಂಗ್?’ ಎನ್ನಿ. ಕರೆ ಮಾಡಿದವರು ನಿಮ್ಮ ಹೆಸರನ್ನೇ ಹೇಳಿ ಅವರ ಹತ್ತಿರ ಮಾತಾಡಬೇಕು ಎಂದರೆ, ‘ನಾನೇ’ ಎನ್ನಲು ‘ಸ್ಪೀಕಿಂಗ್’ ಒಂದೇ ಪದ ಸಾಕು. ಕಾಯಿಸುವಾಗ ‘ಜಸ್ಟ್ ಎ ಮೊಮೆಂಟ್, ಪ್ಲೀಸ್’, ಮರಳಿ ಬಂದಾಗ ‘ಥ್ಯಾಂಕ್ಸ್ ಫಾರ್ ಹೋಲ್ಡಿಂಗ್’. ಮೊಬೈಲ್ ನಂಬರ್ ಹೇಳುವಾಗ ನಾವು ‘ಡಬಲ್ ಟು’, ‘ಟ್ರಿಪಲ್ ಫೋರ್’ ಎನ್ನುತ್ತೇವೆ. ಅಮೆರಿಕದವರಿಗೆ ಈ ರೂಢಿ ಇಲ್ಲ, ‘ಟು ಟು’ ಎಂದು ಒಂದೊಂದೇ ಅಂಕೆ ಹೇಳಬೇಕು. ಹತ್ತು ಅಂಕೆಗಳನ್ನು ಐದೈದಾಗಿ ಒಡೆದು, ನಡುವೆ ಒಂದು ಉಸಿರು ಬಿಟ್ಟು ಹೇಳಿ. ಬರೆದುಕೊಂಡವರು ನೀವಾದರೆ ‘ಲೆಟ್ ಮಿ ರೀಡ್ ದ್ಯಾಟ್ ಬ್ಯಾಕ್ ಟು ಯು’ ಎಂದು ಪೂರ್ತಿ ಓದಿ ಹೇಳಿ, ಒಂದೆರಡು ಅಂಕೆ ಮಾತ್ರ ತಪ್ಪಿಹೋಗಿದ್ದರೆ ‘ಕುಡ್ ಯು ರಿಪೀಟ್ ದ ಲಾಸ್ಟ್ ಫೋರ್ ಡಿಜಿಟ್ಸ್?’ ಎಂದು ಕೇಳಿ.