ಹೊಸ ವೇಕ್‌ಬೋರ್ಡ್ ಬೋಟ್ ತರುತ್ತೀರಾ? ಮೊದಲ 25 ಗಂಟೆಯ ಬಗ್ಗೆ ಸ್ವಲ್ಪ ಕೇಳಿ

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ಫೋನ್ ಬಂತು. “ಅಣ್ಣಾ, ಬೋಟ್ ಒಳಕ್ಕೆ ನೀರು ಬತ್ತಾ ಅದೆ. ನೆನ್ನೆ ತಾನೆ ಇಳಿಸಿದ್ದು. ಹೊಸ ಬೋಟು ಕಣಣ್ಣ!”

ಪಾಂಡವಪುರದ ಕಡೆಯ ಹುಡುಗ. ಸ್ನೇಹಿತರ ಜೊತೆ ಸೇರಿ ಕೆಆರ್‌ಎಸ್ ಹಿನ್ನೀರಿನ ಪಕ್ಕ ರೆಸಾರ್ಟ್ ಮಾಡಿದ್ದಾನೆ. ಬಂದವರಿಗೆ ವೇಕ್‌ಬೋರ್ಡಿಂಗ್, ಅಂದರೆ ಓಡುವ ಬೋಟಿನ ಹಿಂದೆ ಹಗ್ಗ ಹಿಡಿದು ಹಲಗೆ ಮೇಲೆ ನಿಂತು ಸಾಗುವ ಆಟ, ಆಡಿಸಬೇಕು ಅಂತ ವಿದೇಶದಿಂದ ಬೋಟ್ ತರಿಸಿದ್ದ. ನಾನು ಈ ಕೆಲಸ ಕಲಿತದ್ದು ಮಲ್ಪೆಯಲ್ಲಿ, ಆಮೇಲೆ ದುಬೈನಲ್ಲಿ ಹನ್ನೊಂದು ವರ್ಷ ಇಂಥವೇ ಬೋಟ್‌ಗಳನ್ನು ಬಿಚ್ಚಿ ಜೋಡಿಸಿ ಈಗ ಮೈಸೂರಿನಲ್ಲಿ ನೆಲೆ ನಿಂತಿದ್ದೇನೆ. ಹೋದೆ. ನೆಲದ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟರೆ, ಪ್ರೊಪೆಲ್ಲರ್ ಶಾಫ್ಟ್ ಬೋಟಿನ ತಳ ದಾಟಿ ಹೊರಗೆ ಹೋಗುವ ಜಾಗದಲ್ಲಿ ಹಿತ್ತಾಳೆಯ ದೊಡ್ಡ ನಟ್ಟು, ಅದರ ಅಂಚಿನಿಂದ ಒಂದು ಹನಿ ಬಿತ್ತು. ಎಂಜಿನ್ ಆನ್ ಮಾಡಿಸಿ, ಗೇರ್ ಹಾಕಿಸಿ, ಶಾಫ್ಟ್ ತಿರುಗುವಾಗ ಎಣಿಸಿದೆ. ಹತ್ತು ಹನ್ನೆರಡು ಸೆಕೆಂಡಿಗೆ ಒಂದು ಹನಿ. “ಇದು ಸೋರಿಕೆ ಅಲ್ಲಪ್ಪ, ಇದು ಹೀಗೇ ಇರಬೇಕು” ಅಂದೆ. ಅವನು ನಂಬಲಿಲ್ಲ.

ಆ ನಟ್ಟಿನ ಒಳಗೆ ಗ್ರೀಸ್ ಹಚ್ಚಿದ ಹುರಿಯಂಥ ಪ್ಯಾಕಿಂಗ್ ಇರುತ್ತದೆ. ತಿರುಗುವ ಶಾಫ್ಟನ್ನು ಅದು ತಬ್ಬಿಕೊಂಡಿರುತ್ತದೆ. ಅದು ಬಿಸಿಯಾಗದೆ ಇರಲು ಆ ಹನಿ ನೀರೇ ಬೇಕು. ಹನಿ ಪೂರ್ತಿ ನಿಲ್ಲುವಷ್ಟು ಬಿಗಿ ಮಾಡಿದರೆ ಪ್ಯಾಕಿಂಗ್ ಸುಟ್ಟು ಶಾಫ್ಟ್‌ಗೆ ಗೀರು ಬೀಳುತ್ತದೆ. ಆದರೆ ಈಗಿನ ತುಂಬಾ ಬೋಟ್‌ಗಳಲ್ಲಿ ಹನಿಯೇ ಬೀಳದ ಸೀಲ್ ಹಾಕಿರುತ್ತಾರೆ, ಅದರಲ್ಲಿ ಒಂದೇ ಒಂದು ಹನಿ ಬಂದರೂ ತೊಂದರೆ ಇದೆ ಅಂತಲೇ ಅರ್ಥ. ನಿಮ್ಮದು ಯಾವುದು ಅಂತ ಬೋಟ್ ತೆಗೆದುಕೊಳ್ಳುವ ದಿನವೇ ಕೇಳಿಕೊಳ್ಳಿ.

ಅವತ್ತು ನಿಜವಾದ ತೊಂದರೆ ಬೇರೆ ಕಡೆ ಇತ್ತು. ಹೇಗೂ ಬಂದಿದ್ದೇನಲ್ಲ ಅಂತ ಶಾಫ್ಟ್ ಮತ್ತು ಗೇರ್‌ಬಾಕ್ಸ್ ಸೇರುವ ಕಪ್ಲಿಂಗ್ ಬಿಚ್ಚಿ, ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ತೂರಿಸಿದೆ. ಎರಡು ಮುಖಗಳ ನಡುವೆ ಸುತ್ತಲೂ ಅಂತರದ ವ್ಯತ್ಯಾಸ 3 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಒಳಗೆ ಇರಬೇಕು, ಅಂದರೆ ಜೆರಾಕ್ಸ್ ಹಾಳೆಗಿಂತ ತೆಳು. ಅಲ್ಲಿ 9 ಥೌ ಇತ್ತು. ಫ್ಯಾಕ್ಟರಿಯಲ್ಲಿ ಸರಿಯಾಗಿಯೇ ಕೂರಿಸಿರುತ್ತಾರೆ. ಆದರೆ ಟ್ರೇಲರ್ ಮೇಲೆ ಕೂತ ಬೋಟಿನ ತಳ ಒಂದು ರೀತಿ ಇರುತ್ತದೆ, ನೀರಲ್ಲಿ ತೇಲುವಾಗ ಇನ್ನೊಂದು ರೀತಿ. ಅದಕ್ಕೇ ನೀರಿಗಿಳಿಸಿ ಒಂದು ದಿನ ಬಿಟ್ಟು ಮತ್ತೆ ನೋಡಬೇಕು. ತಲುಪಿಸಲು ಬಂದಿದ್ದವರು ಫೋಟೋ ತೆಗೆಸಿಕೊಂಡು, ಸಹಿ ಹಾಕಿಸಿಕೊಂಡು ಹೋಗಿಬಿಟ್ಟಿದ್ದರು. ಹಾಗೇ ಓಡಿಸುತ್ತಿದ್ದರೆ ಗೇರ್‌ಬಾಕ್ಸ್ ಬೇರಿಂಗ್, ಶಾಫ್ಟ್ ಬುಷ್ ಎರಡೂ ಬೇಗ ಸವೆಯುತ್ತಿದ್ದವು.

ಹೊಸ ಬೋಟ್ ಕೊಳ್ಳುವವರಿಗೆ ನಾನು ಹೇಳುವ ಮುಖ್ಯ ಮಾತು ಇದೇ. ಹೊಸ ಕಾರ್ ಬಂದ ಹಾಗೆ ಹೊಸ ಬೋಟ್ ಬರುವುದಿಲ್ಲ. ಕೀಲಿ ಕೈಗೆ ಬಂದಾಗ ಅದರ ಕೆಲಸ ಇನ್ನೂ ಮುಗಿದಿರುವುದಿಲ್ಲ. ಯಾವ ನೀರಲ್ಲಿ ಓಡುತ್ತದೋ ಆ ನೀರಿಗೆ, ಆ ಎತ್ತರಕ್ಕೆ, ಅಲ್ಲಿ ಸಿಗುವ ಪೆಟ್ರೋಲ್‌ಗೆ ಅದನ್ನು ಹೊಂದಿಸಬೇಕು. ಆ ಹೊಂದಿಸುವ ಕೆಲಸ ನಡೆಯುವುದು ಎಂಜಿನ್ ಓಡುವ ಮೊದಲ 25 ಗಂಟೆಯಲ್ಲಿ.

ಈ ಬೋಟಿನ ಸ್ವಭಾವ ಮೊದಲು ತಿಳಿಯಿರಿ. ಬೇರೆ ಬೋಟ್‌ಗಳು ಹಿಂದೆ ಅಲೆ ಕಡಿಮೆ ಏಳಲಿ ಅಂತ ಕಟ್ಟಿದವು. ಇದನ್ನು ಕಟ್ಟುವುದೇ ದೊಡ್ಡ, ನೀಟಾದ ಅಲೆ ಏಳಲಿ ಅಂತ. ಎರಡೂ ಕಾಲು ಒಂದೇ ಹಲಗೆಗೆ ಬಿಗಿದುಕೊಂಡವನು ಸುಮಾರು 20 ಮೀಟರ್ ಹಗ್ಗ ಹಿಡಿದು, ಗಂಟೆಗೆ 30-37 ಕಿಲೋಮೀಟರ್ ವೇಗದಲ್ಲಿ ಆ ಅಲೆಯ ಮೇಲಿಂದ ಹಾರುತ್ತಾನೆ. ಅಲೆ ದೊಡ್ಡದಾಗಲು ಬೋಟ್ ಆಳಕ್ಕೆ ಕೂರಬೇಕು, ಅದಕ್ಕೆ ಬೋಟಿನ ಒಳಗೆ ಬ್ಯಾಲಸ್ಟ್ ಟ್ಯಾಂಕ್‌ಗಳಿವೆ. ಒಂದು ಗುಂಡಿ ಒತ್ತಿದರೆ ಕೆರೆ ನೀರೇ ತುಂಬಿಕೊಳ್ಳುತ್ತದೆ. ದೊಡ್ಡ ಮಾಡೆಲ್‌ಗಳಲ್ಲಿ ಇದೇ ಒಂದು ಟನ್ ದಾಟುತ್ತದೆ. ಎಂಜಿನ್ ಬೋಟಿನ ಹೊಟ್ಟೆಯಲ್ಲಿ ಇರುತ್ತದೆ, ಪ್ರೊಪೆಲ್ಲರ್ ತಳದ ಕೆಳಗೆ, ಹಿಂಬದಿ ಅಂಚಿಗಿಂತ ಒಳಗೆ. ನೀರಲ್ಲಿ ಬಿದ್ದವನ ಹತ್ತಿರ ಹೋಗುವಾಗ ಇದು ಔಟ್‌ಬೋರ್ಡ್‌ಗಿಂತ, ಅಂದರೆ ಎಂಜಿನ್ ಹಿಂಬದಿಗೆ ಹೊರಗೆ ನೇತುಹಾಕಿದ ಬೋಟಿಗಿಂತ, ಎಷ್ಟೋ ವಾಸಿ. ಆದರೂ ಅವನು ಹತ್ತುವಾಗ ಎಂಜಿನ್ ಆಫ್ ಆಗಿರಲೇಬೇಕು, ಇದರಲ್ಲಿ ಎರಡು ಮಾತಿಲ್ಲ.

ಔಟ್‌ಬೋರ್ಡ್ ಓಡಿಸಿ ಅಭ್ಯಾಸ ಇದ್ದವರು ಮೊದಲ ದಿನ ಗಾಬರಿಯಾಗುವುದು ರಿವರ್ಸ್‌ನಲ್ಲಿ. ಸ್ಟೀರಿಂಗ್ ಎತ್ತ ತಿರುಗಿಸಿದರೂ ಬೋಟ್ ಹಿಂದಕ್ಕೆ ಹೋಗುವಾಗ ತನಗೆ ಬೇಕಾದ ಒಂದೇ ಕಡೆಗೆ ಎಳೆಯುತ್ತದೆ. ಬೋಟ್ ಕೆಟ್ಟಿಲ್ಲ. ಪ್ರೊಪೆಲ್ಲರ್ ನೀರು ತಳ್ಳುವುದು ಚುಕ್ಕಾಣಿಯ ಮೇಲೆ, ಮುಂದೆ ಹೋಗುವಾಗ ಮಾತ್ರ. ಯಾವ ಕಡೆ ಎಳೆಯುತ್ತದೆ ಅಂತ ತಿಳಿದುಕೊಂಡರೆ ಅದನ್ನೇ ಉಪಯೋಗಿಸಿ ದಡಕ್ಕೆ ನಯವಾಗಿ ತಾಗಿಸಬಹುದು. ಒಂದು ಖಾಲಿ ಬೆಳಿಗ್ಗೆ ಎರಡು ಗಂಟೆ ಬರೀ ಇದನ್ನೇ ಅಭ್ಯಾಸ ಮಾಡಿ.

ಈಗ ಎತ್ತರದ ವಿಷಯ. ನಮ್ಮಲ್ಲಿ ಯಾರೂ ಇದನ್ನು ಕೇಳುವುದಿಲ್ಲ, ಮಾರುವವರು ಹೇಳುವುದೂ ಇಲ್ಲ. ಕೆಆರ್‌ಎಸ್ ತುಂಬಿದಾಗ 124.80 ಅಡಿ ಅಂತ ಪೇಪರಿನಲ್ಲಿ ಓದುತ್ತೇವೆ, ಅದು ಅಣೆಕಟ್ಟೆಯ ಅಳತೆ. ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದರೆ ಆ ನೀರು ಸುಮಾರು 2,470 ಅಡಿ ಮೇಲಿದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಅಡಿಗೆ ಹತ್ತಿರ ಹತ್ತಿರ ನೂರಕ್ಕೆ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಂದರೆ ಸಮುದ್ರದ ಪಕ್ಕ ಟೆಸ್ಟ್ ಮಾಡಿದ ಬೋಟ್ ಇಲ್ಲಿಗೆ ಬಂದಾಗ ನೂರಕ್ಕೆ ಏಳರಷ್ಟು ಶಕ್ತಿ ಆಗಲೇ ಹೋಗಿರುತ್ತದೆ. ಅದರ ಮೇಲೆ ಒಂದು ಟನ್ ನೀರು, ಎಂಟು ಜನ. ಬೋಟ್ ಮೂಗು ಮೇಲೆತ್ತಿಕೊಂಡು ಒದ್ದಾಡುತ್ತದೆ, ಮಟ್ಟಸ ಆಗುವುದೇ ಇಲ್ಲ. ಆಗ ಎಲ್ಲರೂ ಎಂಜಿನ್ ಬೈಯುತ್ತಾರೆ. ಬದಲಾಯಿಸಬೇಕಾದ್ದು ಪ್ರೊಪೆಲ್ಲರ್. ಪಿಚ್ (ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗಬೇಕಾದ ದೂರ) ಒಂದು ಇಂಚು ಕಡಿಮೆ ಮಾಡಿದರೆ ಎಂಜಿನ್ ಸುಮಾರು 150-200 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಜಾಸ್ತಿ ತಿರುಗುತ್ತದೆ, ಬೋಟ್ ಬೇಗ ಏಳುತ್ತದೆ. ಆರ್ಡರ್ ಕೊಡುವಾಗಲೇ “2,500 ಅಡಿ ಎತ್ತರದಲ್ಲಿ, ಬ್ಯಾಲಸ್ಟ್ ತುಂಬಿ ಓಡಿಸುತ್ತೇವೆ, ಅದಕ್ಕೆ ತಕ್ಕ ಪ್ರೊಪೆಲ್ಲರ್ ಹಾಕಿ ಕಳಿಸಿ” ಅಂತ ಬರೆದು ಕೊಡಿ. ಹಳೆಯದನ್ನು ಸ್ಪೇರ್ ಆಗಿ ಇಟ್ಟುಕೊಳ್ಳಿ. ಎಂಜಿನ್ ಹೊಂದಿಕೊಂಡ ಮೇಲೆ ಪೂರ್ತಿ ಲೋಡ್ ಹಾಕಿ, ಸ್ವಲ್ಪ ಹೊತ್ತು ಪೂರ್ತಿ ಥ್ರಾಟಲ್ ಕೊಟ್ಟು, ಮ್ಯಾನ್ಯುಯಲ್‌ನಲ್ಲಿ ಹೇಳಿದ ಆರ್‌ಪಿಎಂ ಮುಟ್ಟುತ್ತದಾ ನೋಡಿ. ಮುಟ್ಟದಿದ್ದರೆ ಎಂಜಿನ್ ಮೇಲೆ ಪ್ರತಿದಿನವೂ ಹೊರೆ ಬೀಳುತ್ತಿದೆ.

ಎಂಜಿನ್ ಹೊಂದಿಕೊಳ್ಳುವ ಕಾಲದಲ್ಲಿ, ಅಂದರೆ ಮೊದಲ ಹತ್ತು ಗಂಟೆ, ಒಂದೇ ವೇಗದಲ್ಲಿ ಎಳೆಯಬೇಡಿ. ವೇಕ್‌ಬೋರ್ಡ್ ಬೋಟ್‌ನಲ್ಲಿ ಇದೇ ಕಷ್ಟ, ಯಾಕೆಂದರೆ ಅದರ ಕೆಲಸವೇ ಕ್ರೂಸ್ ಕಂಟ್ರೋಲ್ ಹಾಕಿ ಒಂದೇ ವೇಗ ಹಿಡಿಯುವುದು. ಮನೆಗೆ ಬಂದ ದಿನವೇ ಹುಡುಗರು ಬೋರ್ಡ್ ಕಟ್ಟಿಕೊಂಡು ನಿಂತಿರುತ್ತಾರೆ. ಪಿಸ್ಟನ್ ರಿಂಗ್ ಸಿಲಿಂಡರಿಗೆ ಸರಿಯಾಗಿ ಕೂರಬೇಕಾದರೆ ವೇಗ ಏರುತ್ತಾ ಇಳಿಯುತ್ತಾ ಇರಬೇಕು. ಬ್ಯಾಲಸ್ಟ್ ಖಾಲಿ ಇಡಿ, ಸುಮ್ನೆ ಸುತ್ತಾಡಿ. ಮೊದಲ ಆಯಿಲ್ ಬದಲಾವಣೆ 20-25 ಗಂಟೆಗೆ, ಗೇರ್‌ಬಾಕ್ಸ್ ಆಯಿಲ್ ಸಮೇತ. ಆ ಬಿಲ್ಲು, ಗಂಟೆ ಮೀಟರಿನ ಫೋಟೋ ಎರಡನ್ನೂ ಜೋಪಾನ ಮಾಡಿ, ವಾರಂಟಿ ಕೇಳುವ ದಿನ ಮೊದಲು ನೋಡುವುದು ಅದನ್ನೇ.

ಪೆಟ್ರೋಲ್ ಬಗ್ಗೆ ಇನ್ನೂ ಎಚ್ಚರ ಬೇಕು. ಈಗ ನಮ್ಮ ಬಂಕ್‌ಗಳಲ್ಲಿ ಸಿಗುವುದು ನೂರಕ್ಕೆ 20ರಷ್ಟು ಎಥೆನಾಲ್ ಬೆರೆತದ್ದು. ಅಮೆರಿಕದಲ್ಲಿ ತಯಾರಾದ ಬೋಟ್ ಎಂಜಿನ್‌ಗಳ ಮ್ಯಾನ್ಯುಯಲ್‌ನಲ್ಲಿ ಸಾಮಾನ್ಯವಾಗಿ 10ಕ್ಕಿಂತ ಜಾಸ್ತಿ ಬೇಡ ಅಂತ ಬರೆದಿರುತ್ತದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಕಾರ್ ದಿನಾ ಓಡುತ್ತದೆ, ಟ್ಯಾಂಕ್ ಖಾಲಿಯಾಗುತ್ತಿರುತ್ತದೆ. ಬೋಟ್ ಹಾಗಲ್ಲ, ತಿಂಗಳುಗಟ್ಟಲೆ ನಿಂತಿರುತ್ತದೆ. ನೀರು ಬೆರೆತ ಎಥೆನಾಲ್ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಎಂಜಿನ್ ಎಳೆದುಕೊಳ್ಳುವುದು ತಳದಿಂದಲೇ. ಹಾಗಾಗಿ ಕೊಳ್ಳುವ ಮುಂಚೆಯೇ ಎಂಜಿನ್ ತಯಾರಕರಿಂದ ಬರಹದಲ್ಲಿ ಕೇಳಿ: ಈ ಪೆಟ್ರೋಲ್ ಹಾಕಿದರೆ ವಾರಂಟಿ ಇರುತ್ತದಾ? ನೀರು ಬೇರ್ಪಡಿಸುವ ಫಿಲ್ಟರ್ ಎರಡು ಮೂರು ಜಾಸ್ತಿ ತರಿಸಿ. ಖರ್ಚು ಕೇಳುತ್ತೀರಾದರೆ, ಬೋರ್ಡ್ ಎಳೆಯುವಾಗ ಗಂಟೆಗೆ 15-25 ಲೀಟರ್ ಅಂತ ಇಟ್ಟುಕೊಳ್ಳಿ. ಬ್ಯಾಲಸ್ಟ್ ಪೂರ್ತಿ ತುಂಬಿದರೆ ಇನ್ನೂ ಮೇಲೆ.

ಬೆಲೆ ಬಗ್ಗೆ ಜಾಸ್ತಿ ಬರೆಯಲ್ಲ. ಮಾಸ್ಟರ್‌ಕ್ರಾಫ್ಟ್, ಮಾಲಿಬು, ನಾಟಿಕ್ ಈ ಬೋಟ್ ಕಂಪನಿಗಳೆಲ್ಲ ಅಮೆರಿಕದವು, ಅಲ್ಲೇ ಹೊಸದಕ್ಕೆ ಸುಲಭವಾಗಿ ಒಂದು ಲಕ್ಷ ಡಾಲರ್ ದಾಟುತ್ತದೆ, ಸಾಗಣೆ, ಸುಂಕ, ಜಿಎಸ್‌ಟಿ ಬೇರೆ. ಕಾಗದಪತ್ರ ಅಂದರೆ 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ಸರ್ವೆ, ನೋಂದಣಿ, ವಿಮೆ ಬೇಕು. ನಮ್ಮ ರಾಜ್ಯದಲ್ಲಿ ಅದಕ್ಕೆ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯವರನ್ನು ಕಾಣಬೇಕು. ಜಲಾಶಯ ಯಾರ ಕೈಯಲ್ಲಿದೆಯೋ ಅವರ ಅನುಮತಿ ಬೇರೆ. ಕಬಿನಿ ಕಡೆ ಹೋದರೆ ಅರಣ್ಯ ಇಲಾಖೆಯೂ ಸೇರುತ್ತದೆ, ಬೇಸಿಗೆಯಲ್ಲಿ ಆನೆಗಳು ಇಳಿಯುವ ನೀರು ಅದು. ಈ ಅನುಮತಿಗಳು ಕೈಗೆ ಬರುವ ಮುಂಚೆ ಅಡ್ವಾನ್ಸ್ ಕೊಡಬೇಡಿ. ಅಡ್ವಾನ್ಸ್ ಕೊಟ್ಟು, ಬೋಟ್ ಬಂದು, ಅನುಮತಿ ಸಿಗದೆ ಟಾರ್ಪಾಲ್ ಅಡಿ ನಿಂತಿರುವ ಬೋಟ್ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಮ್ಯಾನ್ಯುಯಲ್‌ನಲ್ಲಿ ಚಳಿಗಾಲದ ಹಿಮಕ್ಕೆ ನೀರೆಲ್ಲ ಹೊರಗೆ ತೆಗೆಯಿರಿ ಅಂತ ಪುಟಗಟ್ಟಲೆ ಇರುತ್ತದೆ. ನಮಗೆ ಆ ಭಯ ಇಲ್ಲ. ನಮ್ಮ ಶತ್ರುಗಳು ಹೂಳು, ಅಂತರಗಂಗೆ, ಬಲೆ. ಎಂಜಿನ್ ತಂಪಾಗುವುದು ಕೆರೆ ನೀರಿನಿಂದ, ಆ ನೀರು ಎಳೆಯುವುದು ಅಂಗೈ ಅಗಲದ ಒಂದು ರಬ್ಬರ್ ಇಂಪೆಲ್ಲರ್. ಬೇರು ಸಿಕ್ಕಿ ನೀರು ನಿಂತರೆ ಕೆಲವೇ ಕ್ಷಣದಲ್ಲಿ ಅದರ ರೆಕ್ಕೆ ಹರಿದು ತುಂಡುಗಳು ಕೊಳವೆಯಲ್ಲಿ ಕೂರುತ್ತವೆ. ಸ್ಪೇರ್ ಒಂದು ಬೋಟಿನಲ್ಲೇ ಇರಲಿ. ದಡದಲ್ಲಿ ನೀರಿನ ಪೈಪ್ ಕೊಡದೆ ಎಂಜಿನ್ ಸ್ಟಾರ್ಟ್ ಮಾಡಿ ಸೌಂಡ್ ಕೇಳಿಸುವ ಆಸೆ ಬೇಡ.

ನಮ್ಮಲ್ಲಿ ಬೋಟ್ ಇಳಿಸಲು ಕಾಂಕ್ರೀಟ್ ರ್‍ಯಾಂಪ್ ಕಡಿಮೆ, ಇರುವುದು ಜೇಡಿ ದಡ. ಅದಕ್ಕೆ ಕಬ್ಬಿನ ಟ್ರ್ಯಾಕ್ಟರೇ ಸರಿ, ಎರಡೂವರೆ ಟನ್ ಬೋಟನ್ನು ಎಸ್‌ಯುವಿಯಲ್ಲಿ ಎಳೆಯಲು ಹೋಗಿ ಎರಡೂ ಹೂತುಕೊಂಡದ್ದಿದೆ. ಇಳಿಸುವ ಮುಂಚೆ ಡ್ರೈನ್ ಪ್ಲಗ್ ಹಾಕಿದ್ದೀರಾ ಅಂತ ಕೈಯಿಂದ ಮುಟ್ಟಿ ನೋಡಿ. ಹತ್ತಿಸುವ ಮುಂಚೆ ಬ್ಯಾಲಸ್ಟ್ ಪೂರ್ತಿ ಖಾಲಿ ಮಾಡಿ. ದೂರದಿಂದ ಓಡಿ ಬಂದ ಟ್ರೇಲರ್ ಆಗಿದ್ದರೆ ಚಕ್ರದ ಹಬ್ ಆರುವವರೆಗೆ ಕಾಯಿರಿ, ಬಿಸಿ ಹಬ್ ನೀರಿಗಿಳಿದರೆ ಸೀಲ್ ದಾಟಿ ನೀರು ಒಳಗೆ ಎಳೆದುಕೊಳ್ಳುತ್ತದೆ.

ಇನ್ನೊಂದನ್ನು ದಯವಿಟ್ಟು ಕಿವಿಗೆ ಹಾಕಿಕೊಳ್ಳಿ. ಬೋಟಿನ ಹಿಂದೆ ಕಾಲಿಡುವ ಹಲಗೆ ಇರುತ್ತದಲ್ಲ, ಎಂಜಿನ್ ಓಡುವಾಗ ಮಕ್ಕಳನ್ನು ಅಲ್ಲಿ ಕೂರಿಸಬೇಡಿ. ಹೊಗೆ ಬರುವುದು ಅದರ ಕೆಳಗಿನಿಂದಲೇ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆ ಸುತ್ತಿ ನೀರಿಗೆ ಬಿದ್ದವರಿದ್ದಾರೆ, ಸತ್ತವರೂ ಇದ್ದಾರೆ. ಹಾಗೇ ಓಡಿಸುವವನು ಮುಂದೆ ನೋಡಲಿ, ಬೋರ್ಡ್ ಮೇಲಿರುವವನನ್ನು ನೋಡಲು ಬೇರೆ ಒಬ್ಬರು ಇರಲೇಬೇಕು.

ನೀರಿನ ಮಟ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2025ರಲ್ಲಿ ಕೆಆರ್‌ಎಸ್ ಜೂನ್ ಕೊನೆಗೇ ತುಂಬಿತು, 2023ರಲ್ಲಿ ತುಂಬಲೇ ಇಲ್ಲ. ಕೆಳಗೆ ಚಾಚಿಕೊಂಡ ಪ್ರೊಪೆಲ್ಲರ್, ಚುಕ್ಕಾಣಿ ಇರುವ ಬೋಟಿಗೆ, ಬ್ಯಾಲಸ್ಟ್ ತುಂಬಿದಾಗ ಕನಿಷ್ಠ 10 ಅಡಿ ನೀರು ಬೇಕು ಅನ್ನುತ್ತೇನೆ, 15 ಇದ್ದರೆ ಅಲೆಯೂ ಚೆನ್ನಾಗಿ ಏಳುತ್ತದೆ. ಹಳೆ ಕನ್ನಂಬಾಡಿ ಮುಳುಗಿದ ನೀರು ಇದು, ತಳದಲ್ಲಿ ಕಲ್ಲು, ಗೋಡೆ, ಕಟ್ಟೆ ಎಲ್ಲ ಇವೆ. ನಕ್ಷೆಯಲ್ಲಿ ಇವು ಸಿಗುವುದಿಲ್ಲ, ಮೀನು ಹಿಡಿಯುವವರಿಗೆ ಗೊತ್ತು. ಆದರೆ ನಿಮ್ಮ ಅಲೆ ಹೋಗಿ ಬಡಿಯುವುದೂ ಅವರ ತೆಪ್ಪಕ್ಕೇ. ನಿಮಗೆ ಆಟದ ಅಲೆ, ಅವರಿಗೆ ಬಲೆ ಸಮೇತ ಮಗುಚುವ ಅಲೆ. ಬಲೆ ಹಾಕುವ ಜಾಗ, ಎತ್ತುವ ಹೊತ್ತು ಕೇಳಿಕೊಂಡು ದೂರ ಓಡಿಸಿ. ನೈಲಾನ್ ದಾರ ಶಾಫ್ಟ್‌ಗೆ ಸುತ್ತಿಕೊಂಡರೆ ಸೀಲ್ ಕತ್ತರಿಸುತ್ತದೆ, ನಷ್ಟ ಇಬ್ಬರಿಗೂ.

ಪಾಂಡವಪುರದ ಹುಡುಗನ ಬೋಟಿಗೆ ಕಪ್ಲಿಂಗ್ ಸರಿ ಮಾಡಿ 2 ಥೌಗೆ ತಂದ ಮೇಲೆ ದಡದಲ್ಲಿದ್ದ ಒಬ್ಬ ಹಿರಿಯರನ್ನು ಹತ್ತಿಸಿಕೊಂಡು ನಿಧಾನವಾಗಿ ಒಂದು ಸುತ್ತು ಹೋದೆವು. ನಲವತ್ತು ವರ್ಷದಿಂದ ಅಲ್ಲೇ ಬಲೆ ಬೀಸುತ್ತಿರುವವರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೈ ಚಾಚಿ, “ಆ ಜಾಲಿ ಮರದ ನೇರಕ್ಕೆ ಬ್ಯಾಡ ಮಗ, ಒಳಗೆ ಬಂಡೆ ಅದೆ. ನೀರು ನೂರೈದಕ್ಕೆ ಇಳಿದ್ರೆ ತಲೆ ಕಾಣ್ತದೆ” ಅಂದರು. ಹುಡುಗ ಫೋನ್ ತೆಗೆದು ಆ ಜಾಗವನ್ನು ಗುರುತು ಮಾಡಿಕೊಂಡ. ಅವತ್ತು ಅಣೆಕಟ್ಟೆಯ ಮಟ್ಟ 118 ಇತ್ತು.