ತಕ್ಕಡಿಗೆ ನೀರೂ ಒಂದೇ, ಕೊಬ್ಬೂ ಒಂದೇ

ತೊಗರಿ ಚೀಲಗಳೊಂದಿಗೆ ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಬಂದ ರೈತನಿಗೆ ತಕ್ಕಡಿಗಿಂತ ಮೊದಲು ಎದುರಾಗುವುದು ತೇವಾಂಶ ಅಳೆಯುವ ಯಂತ್ರ. ಶೇ 12ಕ್ಕಿಂತ ಹೆಚ್ಚು ತೇವವಿದ್ದರೆ ಕಾಳು ಮತ್ತೆ ಬಿಸಿಲಿಗೆ. ನೀರನ್ನು ಕಾಳಿನ ದರಕ್ಕೆ ಕೊಳ್ಳಲು ಯಾರೂ ತಯಾರಿಲ್ಲ. ತೂಕದಲ್ಲಿ ಕಾಳೆಷ್ಟು, ನೀರೆಷ್ಟು ಎಂಬ ಲೆಕ್ಕ ಕಲಬುರಗಿಯ ತೊಗರಿ ಬೆಳೆಗಾರರಿಗೆಲ್ಲ ಗೊತ್ತು. ಅದೇ ಮನೆಯ ಹುಡುಗ ಬಾಕ್ಸಿಂಗ್ ಗ್ಲೌಸ್ ತೊಟ್ಟ ಮೇಲೆ ಮಾತ್ರ ಈ ಲೆಕ್ಕವನ್ನು ಮರೆತುಬಿಡುತ್ತಾನೆ.

ಅವನ ತೂಕ 64 ಕಿಲೊ, ಹೆಸರು ಕೊಟ್ಟಿರುವುದು 60 ಕಿಲೊ ವಿಭಾಗಕ್ಕೆ, ಪಂದ್ಯಕ್ಕೆ ಉಳಿದಿರುವುದು ನಾಲ್ಕು ದಿನ ಎಂದುಕೊಳ್ಳೋಣ. ಅಂಗಿಯ ಮೇಲೆ ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಕಲಬುರಗಿಯ ‘ಅಪ್ಪನ ಕೆರೆ’ಯ ದಂಡೆಯಲ್ಲಿ ಓಡುತ್ತಾನೆ. ಊಟ ಬಿಡುತ್ತಾನೆ. ಬಾಯಿ ಒಣಗಿದರೆ ನೀರು ಮುಕ್ಕಳಿಸಿ ಉಗುಳುತ್ತಾನೆ, ನುಂಗುವುದಿಲ್ಲ. ನಾಲ್ಕನೇ ಬೆಳಿಗ್ಗೆ ತಕ್ಕಡಿಯ ಮುಳ್ಳು 60ಕ್ಕೆ ಬಂದು ನಿಲ್ಲಲೂಬಹುದು. ಹಾಗಾದರೆ ಹೋದದ್ದೇನು?

ಬಹುಪಾಲು ಕೊಬ್ಬಂತೂ ಅಲ್ಲ. ದೇಹದ ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕಿಲೊ ಕ್ಯಾಲೊರಿ ಶಕ್ತಿ ಕೂಡಿಟ್ಟಿರುತ್ತದೆ. ನಾಲ್ಕು ದಿನ ಪೂರ್ತಿ ಉಪವಾಸವಿದ್ದು ಓಡಿದರೂ ಕರಗುವ ಕೊಬ್ಬು ಒಂದೂವರೆ ಕಿಲೊ ದಾಟುವುದು ಕಷ್ಟ. ಮೊದಲು ಖಾಲಿಯಾಗುವುದು ಗ್ಲೈಕೋಜನ್. ಸ್ನಾಯು ಮತ್ತು ಯಕೃತ್ತಿನಲ್ಲಿ ಸಕ್ಕರೆಯನ್ನು ಪೋಣಿಸಿಟ್ಟ ರೂಪ ಅದು. ತರಬೇತಿ ಪಡೆದ ದೇಹದಲ್ಲಿ 400ರಿಂದ 500 ಗ್ರಾಂ ಇರುತ್ತದೆ, ಪ್ರತಿ ಗ್ರಾಮಿಗೂ ಸುಮಾರು ಮೂರು ಗ್ರಾಂ ನೀರನ್ನು ಅಪ್ಪಿಕೊಂಡಿರುತ್ತದೆ. ಅದು ಬರಿದಾದರೆ ನೀರೂ ಸೇರಿ ಒಂದೂವರೆಯಿಂದ ಎರಡು ಕಿಲೊ ಮಾಯ. ಮಿಕ್ಕದ್ದು ಬೆವರು ಮತ್ತು ಕರುಳಿನಲ್ಲಿದ್ದ ಆಹಾರದ ತೂಕ. ಹುಡುಗ ಕಳೆದುಕೊಂಡದ್ದು ಮೂರು ಸುತ್ತು ಗುದ್ದಾಡಲು ಬೇಕಿದ್ದ ಇಂಧನವನ್ನು ಮತ್ತು ರಕ್ತದೊಳಗಿನ ನೀರನ್ನು. ರಕ್ತದ ಪ್ರಮಾಣ ಇಳಿದಾಗ ಹೃದಯ ಅದೇ ಕೆಲಸಕ್ಕೆ ಹೆಚ್ಚು ಸಲ ಬಡಿಯಬೇಕಾಗುತ್ತದೆ.

ವೃತ್ತಿಪರ ಬಾಕ್ಸಿಂಗಿನಲ್ಲಿ ತೂಕ ನೋಡುವುದು ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ. ಒಂದು ರಾತ್ರಿ, ಒಂದು ಹಗಲು ಉಣ್ಣಲು ಸಿಗುತ್ತದೆ. ಹವ್ಯಾಸಿ ಟೂರ್ನಿಗಳಲ್ಲಿ ಆ ಸೌಕರ್ಯವಿಲ್ಲ. ಬೆಳಿಗ್ಗೆ ತೂಕ, ಕೆಲವೇ ಗಂಟೆಗಳಲ್ಲಿ ರಿಂಗ್. ಗೆದ್ದರೆ ಮುಂದಿನ ಪಂದ್ಯದ ಬೆಳಿಗ್ಗೆ ಮತ್ತೆ ತೂಕ. ಬರಿದಾದ ಗ್ಲೈಕೋಜನ್ ಪೂರ್ತಿ ತುಂಬಲು ಚೆನ್ನಾಗಿ ಉಂಡರೂ ಸುಮಾರು 24 ಗಂಟೆ ಬೇಕು. ಅಂತರ್ಜಾಲದಲ್ಲಿ ವೃತ್ತಿಪರರ ವಿಡಿಯೊ ನೋಡಿ ಅವರಂತೆ ನೀರಿಳಿಸುವ ಹುಡುಗರು ಮರೆಯುವುದು ಈ ಒಂದು ದಿನದ ವ್ಯತ್ಯಾಸವನ್ನು.

ಇನ್ನು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುವ ಏರ್ಪಾಡಿದೆ. ಫ್ಯಾನಿನ ಕೆಳಗೆ ಕಡತ ತಿರುವುವುದಕ್ಕೇ ಆಗದ ಸೆಕೆಯಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ಓಡುವುದೆಂದರೆ! ಇಲ್ಲಿನ ಒಣ ಬಿಸಿಲಿನಲ್ಲಿ ಒಂದು ಕರುಣೆಯಿದೆ: ಬೆವರು ಬೇಗ ಆವಿಯಾಗುತ್ತದೆ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೊ ಕ್ಯಾಲೊರಿ ಶಾಖವನ್ನು ಮೈಯಿಂದ ಹೊತ್ತೊಯ್ಯುತ್ತದೆ. ತಂಪು ಬರುವುದು ಆವಿಯಾದ ಬೆವರಿನಿಂದ. ತೊಟ್ಟಿಕ್ಕಿದ ಬೆವರು ವ್ಯರ್ಥ. ಪ್ಲಾಸ್ಟಿಕ್ ತೊಟ್ಟವನು ಕಲಬುರಗಿಯಲ್ಲಿ ನಿಂತು ಮಂಗಳೂರಿನ ಸೆಕೆಯನ್ನು ತಾನಾಗಿ ಮೈಮೇಲೆ ಹೊದ್ದುಕೊಂಡಂತೆ. 60 ಕಿಲೊ ದೇಹದ ಉಷ್ಣತೆ ಒಂದು ಡಿಗ್ರಿ ಏರಲು ಸುಮಾರು 50 ಕಿಲೊ ಕ್ಯಾಲೊರಿ ಸಾಕು. ಓಡುವಾಗ ನಿಮಿಷಕ್ಕೆ ಎಂಟು ಕಿಲೊ ಕ್ಯಾಲೊರಿಯಷ್ಟು ಶಾಖ ಹುಟ್ಟುತ್ತದೆ. ಹೊರಹೋಗುವ ದಾರಿ ಪೂರ್ತಿ ಮುಚ್ಚಿದರೆ ಆರೇಳು ನಿಮಿಷಕ್ಕೆ ಒಂದು ಡಿಗ್ರಿ. ಪ್ಲಾಸ್ಟಿಕ್ ಅಷ್ಟು ಪೂರ್ತಿ ಮುಚ್ಚುವುದಿಲ್ಲ, ನಿಜ. ಆದರೆ ಮುಚ್ಚುವ ದಿಕ್ಕು ಅದೇ. ಒಳಗಿನ ಉಷ್ಣತೆ 40 ಡಿಗ್ರಿ ದಾಟಿ ಮಾತು ತೊದಲಿದರೆ, ದಿಕ್ಕು ತಪ್ಪಿದಂತೆ ಆಡಿದರೆ ಅದು ಉಷ್ಣಾಘಾತ. ಆಗ ಪ್ಲಾಸ್ಟಿಕ್ ಕಿತ್ತೆಸೆದು ತಣ್ಣೀರು ಸುರಿಯುತ್ತಲೇ 108ಕ್ಕೆ ಕರೆ ಮಾಡಬೇಕು.

1997ರ ನವೆಂಬರ್, ಡಿಸೆಂಬರಿನಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆಯೇ ತೂಕ ಇಳಿಸುತ್ತಾ ಸತ್ತರು. ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಕೂಡಲೇ ರಬ್ಬರ್ ಉಡುಪು, ಬೆವರಿಳಿಸುವ ಬಿಸಿ ಕೋಣೆಯಾದ ಸೌನಾ ಎರಡನ್ನೂ ನಿಷೇಧಿಸಿತು. ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಮಾತ್ರೆಯ ಆಸೆ ತೋರಿಸುವವರು ಯಾವ ಊರಿನಲ್ಲೂ ಇರುತ್ತಾರೆ. ಫ್ಯೂರೊಸೆಮೈಡ್‌ನಂಥ ಆ ಔಷಧಗಳು ವಿಶ್ವ ಉದ್ದೀಪನ ಮದ್ದು ತಡೆ ಘಟಕದ ನಿಷೇಧಿತ ಪಟ್ಟಿಯಲ್ಲಿವೆ, ನುಂಗಿದವನು ಪದಕದ ಜೊತೆ ಮರ್ಯಾದೆಯನ್ನೂ ಕಳೆದುಕೊಳ್ಳುತ್ತಾನೆ.

ಬಾಕ್ಸಿಂಗಿಗೆ ಇನ್ನೊಂದು ಭಯವಿದೆ, ಅದು ಕುಸ್ತಿಗಿಲ್ಲ. ಸುಮಾರು 1,400 ಗ್ರಾಮಿನ ಮಿದುಳು ತಲೆಬುರುಡೆಯೊಳಗಿನ ದ್ರವದಲ್ಲಿ ತೇಲುವುದರಿಂದ ಅದರ ಭಾರ 50 ಗ್ರಾಮಿನಷ್ಟೇ ಅನ್ನಿಸುತ್ತದೆ. ಮೈಯ ನೀರು ಬತ್ತಿದಾಗ ಮಿದುಳು ತುಸು ಕುಗ್ಗುವುದು ಎಂಆರ್‌ಐ ಚಿತ್ರಗಳಲ್ಲಿ ಕಂಡಿದೆ. ಕುಗ್ಗಿದ ಮಿದುಳಿಗೆ ಹೊಡೆತ ಬಿದ್ದರೆ ಅದನ್ನು ಹೊರಪದರಕ್ಕೆ ಸೇರಿಸುವ ಸಣ್ಣ ರಕ್ತನಾಳಗಳು ಎಳೆದು ಹರಿಯಬಹುದು ಎಂಬುದು ವೈದ್ಯರ ಆತಂಕ.

ಇಷ್ಟು ಹೇಳಿದರೆ ಹುಡುಗರ ಬಳಿ ಒಂದು ಉತ್ತರ ಸಿದ್ಧವಿರುತ್ತದೆ: ಮೇರಿ ಕೋಮ್ ಮಾಡಲಿಲ್ಲವೇ? ಮಾಡಿದರು. 2018ರಲ್ಲಿ ಪೋಲೆಂಡಿನಲ್ಲಿ ತೂಕಕ್ಕೆ ನಾಲ್ಕು ಗಂಟೆ ಇರುವಾಗ ಎರಡು ಕಿಲೊ ಹೆಚ್ಚಿತ್ತು, ಒಂದು ಗಂಟೆ ಬಿಡದೆ ಸ್ಕಿಪ್ಪಿಂಗ್ ಮಾಡಿ ಇಳಿಸಿದರು, ಚಿನ್ನವನ್ನೂ ಗೆದ್ದರು. ವರ್ಷಗಟ್ಟಲೆ 48ರ ಆಸುಪಾಸಿನಲ್ಲೇ ದೇಹವನ್ನು ಹಿಡಿದಿಟ್ಟಿದ್ದ ವಿಶ್ವ ಚಾಂಪಿಯನ್ ಅವರು. ಅದೇ ಆಸೆಗೆ ಇನ್ನೊಂದು ಮುಖವೂ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ದಿನ 50 ಕಿಲೊ ಮಿತಿಯೊಳಗೆ ತೂಗಿ ಮೂರು ಕುಸ್ತಿ ಗೆದ್ದ ವಿನೇಶ್ ಫೋಗಟ್, ರಾತ್ರಿಯಿಡೀ ಬೆವರಿಳಿಸಿ, ಕೂದಲು ಕತ್ತರಿಸಿದರೂ ಮರುದಿನ ಬೆಳಿಗ್ಗೆ 100 ಗ್ರಾಂ ಹೆಚ್ಚಿದ್ದರು. ಬತ್ತಿಸಿದ ದೇಹ ಸಿಕ್ಕ ನೀರನ್ನು ಬಿಟ್ಟುಕೊಡುವುದಿಲ್ಲ, ಬರಗಾಲ ಕಂಡವನು ಕಾಳನ್ನು ಬಿಡದಂತೆ.

ಹಾಗಾದರೆ 64ರಿಂದ 60ಕ್ಕೆ ದಾರಿಯೇ ಇಲ್ಲವೇ? ಇದೆ, ಕ್ಯಾಲೆಂಡರಿನಲ್ಲಿದೆ. ವಾರಕ್ಕೆ ದೇಹತೂಕದ ಶೇ 0.5ರಿಂದ 1ರಷ್ಟು ಇಳಿದರೆ ಸ್ನಾಯು ಉಳಿಯುತ್ತದೆ. ಮೂರು ಕಿಲೊ ಕೊಬ್ಬನ್ನು ಆರು ವಾರಕ್ಕೆ ಹಂಚಿದರೆ ದಿನಕ್ಕೆ 550 ಕಿಲೊ ಕ್ಯಾಲೊರಿ ಕಡಿಮೆ ಬೀಳಬೇಕು. ಒಂದು ರೊಟ್ಟಿ, ಶೇಂಗಾ ಹಿಂಡಿಯ ಮೇಲಿನ ಎಣ್ಣೆ, ಸಂಜೆಯ ಮಿರ್ಚಿ ಭಜಿ ಬಿಟ್ಟರೆ ಹೆಚ್ಚುಕಡಿಮೆ ಅಲ್ಲಿಗೆ ಬರುತ್ತದೆ. ಬಿಡಬಾರದ್ದು ಪ್ರೊಟೀನು. ಈ ತೂಕದವನಿಗೆ ದಿನಕ್ಕೆ 100 ಗ್ರಾಂ ಬೇಕು. ನೂರು ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22, ಒಂದು ಮೊಟ್ಟೆಯಲ್ಲಿ 6.

ಉಳಿದ ಒಂದು ಕಿಲೊ ಕೊನೆಯ ಮೂರು ದಿನದ್ದು. ಇಲ್ಲಿ ನಮ್ಮವರಿಗೆ ಬೇಸರವಾಗುವ ಮಾತೊಂದನ್ನು ಹೇಳಬೇಕು: ಆ ಮೂರು ದಿನ ಜೋಳದ ರೊಟ್ಟಿ ಬೇಡ, ಪುಂಡಿಪಲ್ಯವೂ ಬೇಡ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ನಾರು ನೀರು ಹೀರಿಕೊಂಡು ಕರುಳಿನಲ್ಲಿ ಒಂದೆರಡು ದಿನ ಕೂರುತ್ತದೆ. ಆರೋಗ್ಯಕ್ಕೆ ಒಳ್ಳೆಯದಾದ ಈ ಗುಣವೇ ತಕ್ಕಡಿಯ ಮುಂದೆ ವೈರಿ. ಬಿಳಿ ಅನ್ನ, ಮೊಸರು, ಮೊಟ್ಟೆಗೆ ಬದಲಾಯಿಸಿ, ಉಪ್ಪಿನಕಾಯಿ, ಹಪ್ಪಳ ಬದಿಗಿಟ್ಟರೆ ಬಾಯಾರಿಕೆಗೆ ನೀರು ಕುಡಿಯುತ್ತಲೇ ಅರ್ಧದಿಂದ ಒಂದು ಕಿಲೊ ಇಳಿಯುತ್ತದೆ. ಬೆವರಿಗೆ ಕೈ ಹಾಕುವ ಅಗತ್ಯವೇ ಬೀಳದು. ಆರು ವಾರ ಇಲ್ಲದಿದ್ದರೆ 65ರ ವಿಭಾಗವಿದೆ, ಅಲ್ಲಿ ಹೊಟ್ಟೆ ತುಂಬ ಉಂಡು ಆಡಬಹುದು. ಇನ್ನೂ ಬೆಳೆಯುತ್ತಿರುವ ಶಾಲಾ ಮಕ್ಕಳಿಗೆ ಆ ಒಂದೇ ದಾರಿ. ಅವರ ತೂಕ ಇಳಿಸುವ ಮಾತನ್ನು ಯಾವ ಕೋಚೂ ಎತ್ತಬಾರದು.

ತೂಕ ಮುಗಿದ ಮೇಲೆ ಬರೀ ನೀರು ಗಟಗಟ ಕುಡಿದರೆ ಬಹುಪಾಲು ಮೂತ್ರವಾಗಿ ಹೋಗುತ್ತದೆ. ಉಪ್ಪು, ಸಕ್ಕರೆ ಎರಡೂ ಇದ್ದಾಗ ಕರುಳು ಅವನ್ನು ಜೋಡಿಯಾಗಿ ಒಳಗೆಳೆಯುತ್ತದೆ, ಬೆನ್ನಿಗೆ ನೀರೂ ಬರುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ರೋಗಿಗಳನ್ನು ಡಾ. ದಿಲೀಪ್ ಮಹಲನಬಿಸ್ ಬದುಕಿಸಿದ್ದು ಇದೇ ತತ್ವದಿಂದ. ಆ ಓಆರ್‌ಎಸ್ ಪೊಟ್ಟಣ ಇಂದು ಯಾವ ಔಷಧದ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಗುಟುಕು ಗುಟುಕಾಗಿ, ಜೊತೆಗೆ ಬಾಳೆಹಣ್ಣು, ಸ್ವಲ್ಪ ಉಪ್ಪು ಹಾಕಿದ ಮೊಸರನ್ನ. ಅಮ್ಮ ಕಟ್ಟಿಕೊಟ್ಟ ರೊಟ್ಟಿ ಬುತ್ತಿಯನ್ನು ಮಾತ್ರ ಫೈನಲ್ ಮುಗಿಯುವವರೆಗೆ ಬಿಚ್ಚುವಂತಿಲ್ಲ. ಅದಕ್ಕೂ ಮೊದಲೇ ಸೋತರೆ ಆ ಸಂಜೆಯೇ ಬಿಚ್ಚಬಹುದು.