ಸುಳ್ಳು ವಿಳಾಸ ಕೊಟ್ಟು ಶಾಲೆಗೆ ಸೇರಿಸುವುದು: ಅಮೆರಿಕದ ಪ್ರಕರಣಗಳನ್ನು ಓದುವ ಬಗೆ

ಅಮೆರಿಕದ ಸಾಮಾನ್ಯ ಸರ್ಕಾರಿ ಶಾಲೆಗೆ ಮಗುವನ್ನು ಸೇರಿಸಲು ಫೀಸ್ ಕಟ್ಟಬೇಕಿಲ್ಲ, ಪ್ರವೇಶ ಪರೀಕ್ಷೆಯೂ ಇಲ್ಲ. ಮುಖ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಮನೆ ಎಲ್ಲಿದೆ? ಈ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟು ಜೈಲಿಗೆ ಹೋಗಿ ಬಂದ ತಾಯಂದಿರಿದ್ದಾರೆ. ಆಸ್ತಿ ತೆರಿಗೆ, ಜನಾಂಗೀಯ ವಿಂಗಡಣೆ, ಸುಪ್ರೀಂ ಕೋರ್ಟ್ ತೀರ್ಪುಗಳು ಅಂತ ನಾವು ಬೇರೆ ಬೇರೆ ಪಾಠಗಳಲ್ಲಿ ಓದುವುದೆಲ್ಲ ಈ ಒಂದು ವಿಷಯದಲ್ಲಿ ಕೂಡಿಕೊಂಡಿದೆ. ಹೆಚ್ಚಿನವರು ಓದು ಶುರು ಮಾಡುವುದು ಸುಳ್ಳು ಹೇಳಿದ ತಾಯಿಯ ಕಥೆಯಿಂದ. ನನ್ನ ಪ್ರಕಾರ ಶಾಲೆಗಳ ವ್ಯಾಪ್ತಿಯನ್ನು ನಿರ್ಧರಿಸುವ ಗಡಿಯಿಂದ ಶುರು ಮಾಡಿದರೆ ವಿಷಯ ಬೇಗ ಹಿಡಿತಕ್ಕೆ ಸಿಗುತ್ತದೆ.

ಗಡಿ ಯಾಕೆ ಇಷ್ಟು ಮುಖ್ಯ?

ಅಲ್ಲಿ ಶಾಲೆಗಳನ್ನು ನಡೆಸುವುದು ಸ್ಕೂಲ್ ಡಿಸ್ಟ್ರಿಕ್ಟ್‌ಗಳು, ಅಂದರೆ ಒಂದೊಂದು ಪ್ರದೇಶದ ಶಾಲೆಗಳನ್ನು ನೋಡಿಕೊಳ್ಳುವ ಸ್ಥಳೀಯ ಸಂಸ್ಥೆಗಳು. ಮಗು ಸಾಮಾನ್ಯವಾಗಿ ತನ್ನ ಮನೆ ಇರುವ ಡಿಸ್ಟ್ರಿಕ್ಟ್‌ನ ಶಾಲೆಗೇ ಹೋಗಬೇಕು. ದೇಶದಲ್ಲಿ ಇಂಥವು 13,000ಕ್ಕೂ ಜಾಸ್ತಿ ಇವೆ. ಬಹುತೇಕ ಕಡೆ ಪ್ರತಿಯೊಂದಕ್ಕೂ ತನ್ನದೇ ಆಡಳಿತ ಮಂಡಳಿ ಇದೆ, ತನ್ನದೇ ತೆರಿಗೆ ಆದಾಯ ಇದೆ. ಹವಾಯಿ ಇದಕ್ಕೆ ಹೊರತು, ಅಲ್ಲಿ ಇಡೀ ರಾಜ್ಯವೇ ಒಂದು ಡಿಸ್ಟ್ರಿಕ್ಟ್. ಶಾಲೆಗಳ ಒಟ್ಟು ಹಣದಲ್ಲಿ ಸ್ಥೂಲವಾಗಿ ಅರ್ಧಕ್ಕೆ ತುಸು ಕಡಿಮೆ ರಾಜ್ಯದಿಂದ ಬರುತ್ತದೆ, ಹತ್ತಿರ ಹತ್ತಿರ ಅಷ್ಟೇ ಪಾಲು ಸ್ಥಳೀಯವಾಗಿ ಬರುತ್ತದೆ, ಉಳಿದ ಸಣ್ಣ ಪಾಲು ಕೇಂದ್ರದ್ದು. ಸ್ಥಳೀಯ ಹಣದ ದೊಡ್ಡ ಭಾಗ ಆಸ್ತಿ ತೆರಿಗೆ. ಮನೆಗಳ ಬೆಲೆ ಜಾಸ್ತಿ ಇರುವ ಕಡೆ ಕಡಿಮೆ ದರದ ತೆರಿಗೆಯಿಂದಲೂ ಜಾಸ್ತಿ ಹಣ ಬರುತ್ತದೆ.

ಇದಕ್ಕೆ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ ನಗರದ ಲೆಕ್ಕಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1967-68ರಲ್ಲಿ ಅಲ್ಲಿನ ಬಡ ಡಿಸ್ಟ್ರಿಕ್ಟ್ ಎಡ್ಜ್‌ವುಡ್, ನೂರು ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಹಾಕುತ್ತಿತ್ತು. ಅದರಿಂದ ಒಂದು ಮಗುವಿಗೆ ಸಿಗುತ್ತಿದ್ದದ್ದು 26 ಡಾಲರ್. ಅದೇ ಊರಿನ ಶ್ರೀಮಂತ ಅಲಾಮೊ ಹೈಟ್ಸ್ ಹಾಕುತ್ತಿದ್ದ ತೆರಿಗೆ ಬರೀ 85 ಸೆಂಟ್, ಮಗುವಿಗೆ ಸಿಗುತ್ತಿದ್ದದ್ದು 333 ಡಾಲರ್. ಬಡವರ ಮೇಲೆ ತೆರಿಗೆ ಜಾಸ್ತಿ, ಅವರ ಮಕ್ಕಳಿಗೆ ಹಣ ಕಡಿಮೆ. ಎಡ್ಜ್‌ವುಡ್‌ನ ಪೋಷಕರು ಕೋರ್ಟಿಗೆ ಹೋದರು. 1973ರ ರೋಡ್ರಿಗಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಅವರ ವಾದವನ್ನು ತಳ್ಳಿಹಾಕಿತು. ದೇಶದ ಸಂವಿಧಾನದಲ್ಲಿ ಶಿಕ್ಷಣ ಮೂಲಭೂತ ಹಕ್ಕಲ್ಲ, ಈ ತಾರತಮ್ಯವನ್ನು ಸರಿಪಡಿಸಬೇಕಾದವರು ಶಾಸನಸಭೆಯವರು ಎನ್ನುವುದು ಅದರ ತಿರುಳು.

ಮರು ವರ್ಷವೇ ಮಿಲಿಕನ್ ತೀರ್ಪು ಬಂತು. ಡೆಟ್ರಾಯಿಟ್ ನಗರದ ಶಾಲೆಗಳಲ್ಲಿ ಕಪ್ಪು ಮಕ್ಕಳೇ ಹೆಚ್ಚಾಗಿ ಉಳಿದಿದ್ದರು, ಬಿಳಿಯರ ಮಕ್ಕಳು ಸುತ್ತಲಿನ ಉಪನಗರಗಳ ಶಾಲೆಗಳಲ್ಲಿದ್ದರು. ಹಾಗಾಗಿ ಕೆಳ ಕೋರ್ಟ್ 53 ಉಪನಗರ ಡಿಸ್ಟ್ರಿಕ್ಟ್‌ಗಳನ್ನೂ ಸೇರಿಸಿ ಕಪ್ಪು-ಬಿಳಿ ಮಕ್ಕಳನ್ನು ಬೆರೆಸಿ ಶಾಲೆಗಳಿಗೆ ಹಂಚುವ ಯೋಜನೆಗೆ ಹೊರಟಿತ್ತು. 1974ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ 5-4ರಲ್ಲಿ ಅದನ್ನು ತಡೆಯಿತು. ಉಪನಗರಗಳು ತಾವೇ ತಾರತಮ್ಯ ಮಾಡಿದ್ದಕ್ಕೆ ಪುರಾವೆ ಇಲ್ಲದಿದ್ದರೆ ಗಡಿ ದಾಟಿ ಮಕ್ಕಳನ್ನು ಹಂಚುವಂತಿಲ್ಲ ಅಂದಿತು. ಎರಡು ತೀರ್ಪನ್ನೂ ಒಟ್ಟಿಗೆ ಇಟ್ಟು ಓದಿ. ಮೊದಲನೆಯದು ಹಣವನ್ನು ಗಡಿಯೊಳಗೆ ಬಿಟ್ಟಿತು, ಎರಡನೆಯದು ಮಕ್ಕಳನ್ನು. ಆಮೇಲೆ ಗಡಿ ದಾಟಬೇಕಾದವರಿಗೆ ಉಳಿದ ದಾರಿಗಳು ಎಷ್ಟು ಅಂತ ನೀವೇ ಎಣಿಸಿ.

ಮೂರನೆಯದು ಸ್ವಲ್ಪ ಕಡಿಮೆ ಪ್ರಸಿದ್ಧಿಯ, ಆದರೆ ನಮ್ಮ ವಿಷಯಕ್ಕೆ ನೇರವಾಗಿ ತಾಗುವ 1983ರ ಮಾರ್ಟಿನೆಜ್ ತೀರ್ಪು. ಅಮೆರಿಕದಲ್ಲೇ ಹುಟ್ಟಿದ ಹುಡುಗನೊಬ್ಬ ಮೆಕ್ಸಿಕೋದಲ್ಲಿದ್ದ ಅಪ್ಪ-ಅಮ್ಮನನ್ನು ಬಿಟ್ಟು, ಶಾಲೆಗೆ ಹೋಗಲೆಂದೇ ಟೆಕ್ಸಸ್‌ನಲ್ಲಿದ್ದ ಅಕ್ಕನ ಮನೆಗೆ ಬಂದಿದ್ದ. ಪೋಷಕರಿಂದ ದೂರವಿದ್ದು, ಉಚಿತ ಶಾಲೆಯೇ ಮುಖ್ಯ ಉದ್ದೇಶವಾಗಿ ಬಂದ ಮಗುವಿಗೆ ಉಚಿತ ಪ್ರವೇಶ ಇಲ್ಲ ಅಂತ ರಾಜ್ಯದ ಕಾನೂನು ಹೇಳುತ್ತಿತ್ತು. ಕೋರ್ಟ್ 8-1ರಲ್ಲಿ ಕಾನೂನನ್ನು ಎತ್ತಿಹಿಡಿಯಿತು. ಇದನ್ನು 1982ರ ಪ್ಲೈಲರ್ ತೀರ್ಪಿನ ಜೊತೆ ಬೆರೆಸಬೇಡಿ. ದಾಖಲೆ ಇಲ್ಲದೆ ವಲಸೆ ಬಂದ ಮಕ್ಕಳಿಗೂ ಶಾಲೆ ಬಾಗಿಲು ಮುಚ್ಚುವಂತಿಲ್ಲ ಅಂತ ಹೇಳಿದ್ದು ಪ್ಲೈಲರ್. ಅಂದರೆ ಮಗುವಿನ ಬಳಿ ವಲಸೆ ದಾಖಲೆ ಇಲ್ಲ ಅಂತ ಶಾಲೆ ಅದನ್ನು ಹೊರಗಿಡಬಾರದು, ಆದರೆ ನಿಜವಾಗಿ ಅಲ್ಲಿ ವಾಸ ಇಲ್ಲ ಅಂತ ಹೊರಗಿಡಬಹುದು.

ಸುಳ್ಳು ವಿಳಾಸ ಹೇಗೆ ಬರುತ್ತದೆ, ಹೇಗೆ ಸಿಕ್ಕಿಬೀಳುತ್ತದೆ

ಅಜ್ಜ-ಅಜ್ಜಿ, ಚಿಕ್ಕಮ್ಮ, ಗೆಳತಿ, ಮಗು ನೋಡಿಕೊಳ್ಳುವವರು, ಹೀಗೆ ಯಾರದೋ ವಿಳಾಸ ಕೊಡುವುದು ಸಾಮಾನ್ಯ. ಕೆಲವರು ಸಣ್ಣ ಫ್ಲಾಟ್ ಬಾಡಿಗೆಗೆ ಹಿಡಿದು ಅಲ್ಲಿ ವಾಸಿಸುವುದೇ ಇಲ್ಲ. ಮನೆ ಬದಲಾಯಿಸಿದ ಮೇಲೂ ಶಾಲೆಗೆ ತಿಳಿಸದೆ ಸುಮ್ನೆ ಇದ್ದುಬಿಡುವವರೂ ಇದ್ದಾರೆ. ಶಾಲೆ ಕೇಳುವುದು ಬಾಡಿಗೆ ಕರಾರು, ಕರೆಂಟ್ ಅಥವಾ ನೀರಿನ ಬಿಲ್, ಮನೆ ಸಾಲದ ಕಾಗದ, ನೋಟರಿ ಮಾಡಿಸಿದ ಅಫಿಡವಿಟ್. ಅನುಮಾನ ಬಂದರೆ ಮನೆಗೆ ಹೋಗಿ ನೋಡುತ್ತಾರೆ. ಎಷ್ಟೋ ಡಿಸ್ಟ್ರಿಕ್ಟ್‌ಗಳು ಗುಟ್ಟಾಗಿ ದೂರು ಕೊಡಲು ಫೋನ್ ನಂಬರ್ ಇಟ್ಟಿವೆ, ಖಾಸಗಿ ಪತ್ತೇದಾರರನ್ನು ನೇಮಿಸಿಕೊಳ್ಳುತ್ತವೆ.

2014ರಲ್ಲಿ ಕ್ಯಾಲಿಫೋರ್ನಿಯಾದ ಒರಿಂಡಾದಲ್ಲಿ ಪತ್ತೇದಾರರ ತನಿಖೆ ನಡೆದದ್ದು ಏಳು ವರ್ಷದ ಹುಡುಗಿಯ ಮೇಲೆ. ಅವಳ ತಾಯಿ ಅದೇ ಊರಿನ ಒಂದು ಮನೆಯಲ್ಲಿ ಬೇರೆಯವರ ಮಗು ನೋಡಿಕೊಳ್ಳುತ್ತಾ ಅಲ್ಲೇ ಇರುತ್ತಿದ್ದಳು. ಡಿಸ್ಟ್ರಿಕ್ಟ್ ಮೊದಲು ಹುಡುಗಿಯನ್ನು ಹೊರಹಾಕಲು ಹೊರಟಿತು, ಸುದ್ದಿಯಾದ ಮೇಲೆ ನಿರ್ಧಾರ ಬದಲಿಸಿತು. ‘ವಾಸ’ ಅನ್ನುವುದು ಕಾಗದದಲ್ಲಿ ಕಾಣುವಷ್ಟು ಸರಳ ಅಲ್ಲ ಅಂತ ತೋರಿಸಲು ಈ ಪ್ರಕರಣ ಚೆನ್ನಾಗಿ ಒದಗುತ್ತದೆ.

ಇಲ್ಲೊಂದು ವ್ಯತ್ಯಾಸ ನೆನಪಿಡಿ. ಒಂದೇ ಡಿಸ್ಟ್ರಿಕ್ಟ್‌ನೊಳಗೆ ಬೇರೆ ಬಡಾವಣೆಯ ಶಾಲೆಗೆ ಸುಳ್ಳು ವಿಳಾಸ ಕೊಟ್ಟರೆ ಸಾಮಾನ್ಯವಾಗಿ ಅದು ಆಡಳಿತದ ವಿಷಯ, ಮಗುವನ್ನು ವಾಪಸ್ ಕಳಿಸುತ್ತಾರೆ. ಡಿಸ್ಟ್ರಿಕ್ಟ್ ಗಡಿಯನ್ನೇ ದಾಟಿದಾಗ ಹಣದ ಪ್ರಶ್ನೆ ಏಳುತ್ತದೆ. ಆಗಲೂ ಬಹುಪಾಲು ಮುಗಿಯುವುದು ಟಿ.ಸಿ. ಮತ್ತು ಬೋಧನಾ ಶುಲ್ಕದ ಬಿಲ್‌ನಲ್ಲಿ. ಕ್ರಿಮಿನಲ್ ಕೇಸ್ ಅಪರೂಪ. ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇಲಿನಾಯ್‌ನಲ್ಲಿ ಗೊತ್ತಿದ್ದೂ ಹೊರಗಿನ ಮಗುವನ್ನು ಉಚಿತವಾಗಿ ಸೇರಿಸುವುದಕ್ಕೆ ಪ್ರತ್ಯೇಕ ಸಣ್ಣ ಅಪರಾಧವೇ ಇದೆ. ಬೇರೆ ಕಡೆ ಪ್ರಾಸಿಕ್ಯೂಟರ್‌ಗಳು ಕಳ್ಳತನ, ದಾಖಲೆ ತಿದ್ದುವಿಕೆಯಂಥ ಹಳೆಯ ಕಲಂಗಳನ್ನೇ ಬಳಸಿದ್ದಾರೆ.

ಆಕ್ರನ್ ಪ್ರಕರಣ

ಒಹಾಯೋದ ಆಕ್ರನ್ ನಗರದ ಕೆಲ್ಲಿ ವಿಲಿಯಮ್ಸ್-ಬೋಲರ್ ಪ್ರಕರಣವನ್ನು ವಿವರವಾಗಿ ಓದಿಕೊಳ್ಳಿ. ಆಕೆ ಶಾಲೆಯೊಂದರಲ್ಲಿ ಸಹಾಯಕಿ, ಶಿಕ್ಷಕಿಯಾಗಲು ಓದುತ್ತಿದ್ದವರು. ಮನೆಗೆ ಕಳ್ಳರು ನುಗ್ಗಿದ ಮೇಲೆ ಮಕ್ಕಳ ಸುರಕ್ಷತೆಯ ಚಿಂತೆ ಹತ್ತಿತ್ತು. ತಮ್ಮ ತಂದೆಯ ವಿಳಾಸ ಕೊಟ್ಟು ಇಬ್ಬರು ಹೆಣ್ಣುಮಕ್ಕಳನ್ನು ಪಕ್ಕದ ಕಾಪ್ಲಿ-ಫೇರ್‌ಲಾನ್ ಡಿಸ್ಟ್ರಿಕ್ಟ್‌ಗೆ ಸೇರಿಸಿದರು. ಮಕ್ಕಳು ಕೆಲವು ದಿನ ಅಜ್ಜನ ಮನೆಯಲ್ಲೇ ಇರುತ್ತಿದ್ದರು ಅನ್ನುವುದು ಅವರ ವಾದ. ಪತ್ತೇದಾರರು ಬೆನ್ನು ಹತ್ತಿದರು. ಡಿಸ್ಟ್ರಿಕ್ಟ್ ಸುಮಾರು 30,000 ಡಾಲರ್ ಶುಲ್ಕ ಬಾಕಿ ಅಂತ ಲೆಕ್ಕ ಹಾಕಿತು.

2011ರ ಜನವರಿಯಲ್ಲಿ ಜ್ಯೂರಿ ದಾಖಲೆ ತಿದ್ದಿದ ಎರಡು ಆರೋಪಗಳಲ್ಲಿ ಆಕೆಯನ್ನು ಅಪರಾಧಿ ಅಂದಿತು. ಎರಡೂ ಫೆಲನಿ, ಅಂದರೆ ಗಂಭೀರ ಅಪರಾಧ. ಕಳ್ಳತನದ ಆರೋಪದಲ್ಲಿ ಮಾತ್ರ ಜ್ಯೂರಿಗೆ ಒಮ್ಮತ ಬರಲಿಲ್ಲ. ನ್ಯಾಯಾಧೀಶರು ಐದು ವರ್ಷದ ಶಿಕ್ಷೆಯನ್ನು ಹತ್ತು ದಿನಕ್ಕೆ ಇಳಿಸಿ, ಪ್ರೊಬೇಷನ್ ಮತ್ತು ಸಮುದಾಯ ಸೇವೆ ಸೇರಿಸಿದರು. ದೇಶದಾದ್ಯಂತ ಗದ್ದಲವಾಯಿತು. ಕ್ಷಮೆ ಕೊಡಬೇಡಿ ಅಂತ ಪೆರೋಲ್ ಮಂಡಳಿ ಒಮ್ಮತದಿಂದ ಹೇಳಿದರೂ, ಗವರ್ನರ್ ಜಾನ್ ಕೇಸಿಕ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಫೆಲನಿಗಳನ್ನು ಸಣ್ಣ ಅಪರಾಧಗಳಾಗಿ ಇಳಿಸಿದರು.

ಹೆಚ್ಚಿನ ಬರಹಗಳು ಬಿಟ್ಟುಬಿಡುವ ಹಿನ್ನೆಲೆ ಒಂದಿದೆ. ಶಾಲೆಗಳ ಹಣಕ್ಕೆ ಆಸ್ತಿ ತೆರಿಗೆಯನ್ನು ಅತಿಯಾಗಿ ನೆಚ್ಚಿಕೊಂಡ ವ್ಯವಸ್ಥೆ ಒಹಾಯೋದ ಸಂವಿಧಾನಕ್ಕೆ ವಿರುದ್ಧ ಅಂತ ಆ ರಾಜ್ಯದ ಸುಪ್ರೀಂ ಕೋರ್ಟೇ 1997ರ ಡಿರಾಲ್ಫ್ ತೀರ್ಪಿನಲ್ಲಿ ಹೇಳಿತ್ತು, ಆಮೇಲೂ ಅದನ್ನೇ ಮತ್ತೆ ಹೇಳಿತು. ಅಂದರೆ ಯಾವ ವ್ಯವಸ್ಥೆಯ ಗಡಿ ದಾಟಿದ್ದಕ್ಕೆ ಆಕೆಗೆ ಶಿಕ್ಷೆಯಾಯಿತೋ, ಅದೇ ವ್ಯವಸ್ಥೆ ತಪ್ಪು ಅಂತ ತೀರ್ಪು ಬಂದು ಹದಿಮೂರು ವರ್ಷ ಕಳೆದಿತ್ತು.

ಇನ್ನೊಂದು ಪ್ರಕರಣವನ್ನು ಬಳಸುವಾಗ ಹುಷಾರಾಗಿರಿ. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿ ಸ್ವಂತ ನೆಲೆ ಇಲ್ಲದಿದ್ದ ತಾಯಿಯೊಬ್ಬಳು ಮಗನನ್ನು ನಾರ್ವಾಕ್‌ನ ಶಾಲೆಗೆ ಸೇರಿಸಿ 2011ರಲ್ಲಿ ಬಂಧನಕ್ಕೊಳಗಾದಳು. ‘ಶಾಲೆಗೆ ಸೇರಿಸಿದ್ದಕ್ಕೆ ಐದು ವರ್ಷ ಜೈಲು’ ಅಂತ ಎಲ್ಲೆಡೆ ಬರೆಯುತ್ತಾರೆ. ಆ ಶಿಕ್ಷೆಯಲ್ಲಿ ಮಾದಕ ವಸ್ತು ಮಾರಿದ ಪ್ರಕರಣವೂ ಸೇರಿತ್ತು. ಅದನ್ನು ಹೇಳದೆ ಉದಾಹರಣೆ ಕೊಟ್ಟರೆ ಎದುರು ವಾದಿಸುವವರಿಗೆ ಕೆಲಸ ಸುಲಭವಾಗುತ್ತದೆ ಅಷ್ಟೇ.

ಕದ್ದದ್ದು ಏನು?

ಈ ವಿಷಯದ ಮೇಲೆ ಉತ್ತರ ಬರೆಯುವಾಗ ಹೆಚ್ಚು ಜಾಗ ಕೊಡಬೇಕಾದದ್ದು ಈ ಪ್ರಶ್ನೆಗೆ. ಡಿಸ್ಟ್ರಿಕ್ಟ್‌ನ ವಾದ ಸುಲಭವಾಗಿ ಅರ್ಥವಾಗುತ್ತದೆ. ನಮ್ಮವರು ತೆರಿಗೆ ಕಟ್ಟಿ ಶಾಲೆ ನಡೆಸುತ್ತಾರೆ, ಹೊರಗಿನವರು ಕಟ್ಟದೆ ಸೀಟು ಹಿಡಿದರೆ ನಮ್ಮ ಮಕ್ಕಳಿಗೆ ನಷ್ಟ. ತರಗತಿ ತುಂಬಿ ತುಳುಕುವ ಕಡೆ ಇದು ನಿಜವಾದ ಮಾತು, ಸುಮ್ನೆ ಅಲ್ಲಗಳೆಯಬೇಡಿ.

ಆದರೆ ಬಿಲ್ ಹಾಕುವ ರೀತಿ ನೋಡಿ. ಒಟ್ಟು ಖರ್ಚನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ ಸರಾಸರಿ ತೆಗೆಯುತ್ತಾರೆ. ಈಗಾಗಲೇ ಇಪ್ಪತ್ತು ಮಕ್ಕಳಿರುವ ತರಗತಿಗೆ ಇಪ್ಪತ್ತೊಂದನೆಯ ಮಗು ಬಂದರೆ ಹೊಸ ಶಿಕ್ಷಕರು ಬರುವುದಿಲ್ಲ, ಹೊಸ ಕಟ್ಟಡ ಏಳುವುದಿಲ್ಲ. ಹೆಚ್ಚುವರಿ ಖರ್ಚು ಸರಾಸರಿಗಿಂತ ತುಂಬಾ ಕಡಿಮೆ. ಜೊತೆಗೆ ಎಷ್ಟೋ ರಾಜ್ಯಗಳಲ್ಲಿ ಅನುದಾನ ಹಂಚುವುದು ಮಕ್ಕಳ ಲೆಕ್ಕದ ಮೇಲೆ, ಹಾಗಾಗಿ ಆ ಮಗುವಿನ ಹೆಸರಿನಲ್ಲೂ ಸ್ವಲ್ಪ ಹಣ ಬಂದೇ ಇರುತ್ತದೆ. ಬಾಡಿಗೆ ಮನೆಯವರು ಬಾಡಿಗೆಯ ಮೂಲಕ ಆಸ್ತಿ ತೆರಿಗೆಯ ಒಂದು ಪಾಲು ಹೊರುತ್ತಾರೆ, ಆದರೆ ಅದು ಅವರ ಸ್ವಂತ ಊರಿನ ಡಿಸ್ಟ್ರಿಕ್ಟ್‌ಗೆ ಹೋಗುತ್ತದೆ. ಆ ಡಿಸ್ಟ್ರಿಕ್ಟ್‌ಗೆ ಅಷ್ಟರಮಟ್ಟಿಗೆ ಖರ್ಚು ಉಳಿಯಿತು ಅಲ್ವಾ? ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಣ ಇದ್ದವರು ಸುಳ್ಳು ಹೇಳಬೇಕಿಲ್ಲ, ಮನೆ ಕೊಂಡುಬಿಡುತ್ತಾರೆ. ಬಾಸ್ಟನ್ ಸುತ್ತಮುತ್ತಲ ಶಾಲಾ ಗಡಿಗಳ ಆಚೆ-ಈಚೆ ಇರುವ ಮನೆಗಳನ್ನು ಹೋಲಿಸಿದ ಅರ್ಥಶಾಸ್ತ್ರಜ್ಞೆ ಸ್ಯಾಂಡ್ರಾ ಬ್ಲ್ಯಾಕ್, 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಾ ಅಂಕ ಶೇ 5ರಷ್ಟು ಮೇಲಿರುವ ಶಾಲೆಗಾಗಿ ಪೋಷಕರು ಮನೆಗೆ ಸುಮಾರು ಶೇ 2.5 ಜಾಸ್ತಿ ಕೊಡಲು ಸಿದ್ಧರಿರುತ್ತಾರೆ ಎಂದು ತೋರಿಸಿದರು. ಉಚಿತ ಶಾಲೆಯ ಫೀಸ್ ಮನೆಯ ಬೆಲೆಯೊಳಗೆ ಸೇರಿಕೊಂಡಿದೆ ಅಂತಾಯಿತು.

ಮನೆಯೇ ಇಲ್ಲದವರು, ಮತ್ತು ತೆರೆದ ಪ್ರವೇಶ

ಮನೆ ಕಳೆದುಕೊಂಡ ಮಕ್ಕಳಿಗೆ 1987ರ ಮೆಕಿನ್ನಿ-ವೆಂಟೊ ಕಾಯ್ದೆ ಇದೆ. ಅವರನ್ನು ವಿಳಾಸದ ದಾಖಲೆ ಇಲ್ಲದಿದ್ದರೂ ತಕ್ಷಣ ಸೇರಿಸಿಕೊಳ್ಳಬೇಕು, ಮೊದಲಿದ್ದ ಶಾಲೆಯಲ್ಲೇ ಮುಂದುವರಿಯುವ ಹಕ್ಕೂ ಇದೆ. ಮನೆ ಕಳೆದುಕೊಂಡು ನೆಂಟರ ಮನೆಯಲ್ಲಿ ಇಕ್ಕಟ್ಟಿನಲ್ಲಿ ಇರುವವರೂ ಇದರೊಳಗೆ ಬರುತ್ತಾರೆ. ಇದು ತಮಗೆ ಅನ್ವಯಿಸುತ್ತದೆ ಅಂತಲೇ ಗೊತ್ತಿಲ್ಲದ ಕುಟುಂಬ ಸುಳ್ಳು ವಿಳಾಸದ ಮೊರೆ ಹೋಗಬಹುದು. ಹಾಗಾಗಿ ಯಾವ ಪ್ರಕರಣ ಓದಿದರೂ, ಆ ಕುಟುಂಬಕ್ಕೆ ಈ ಕಾಯ್ದೆ ಅನ್ವಯಿಸುತ್ತಿತ್ತೇ ಅಂತ ಮೊದಲು ಕೇಳಿಕೊಳ್ಳಿ.

ಬೇರೆ ಡಿಸ್ಟ್ರಿಕ್ಟ್‌ನ ಮಕ್ಕಳನ್ನೂ ಸೇರಿಸಿಕೊಂಡು ಗಡಿಯನ್ನೇ ಸಡಿಲ ಮಾಡುವ ‘ಓಪನ್ ಎನ್‌ರೋಲ್‌ಮೆಂಟ್’ ಇನ್ನೊಂದು ದಾರಿ. 1980ರ ದಶಕದ ಕೊನೆಯಲ್ಲಿ ಮಿನ್ನೆಸೋಟ ಇದನ್ನು ಶುರು ಮಾಡಿತು, ಈಗ ಹೆಚ್ಚಿನ ರಾಜ್ಯಗಳಲ್ಲಿ ಯಾವುದೋ ಒಂದು ರೂಪದಲ್ಲಿದೆ. ತೊಡಕು ಎರಡು. ಬಸ್ಸಿನ ಹೊಣೆ ಹಲವು ಕಡೆ ಪೋಷಕರದ್ದೇ. ಎರಡನೆಯದಾಗಿ, ಸೇರಿಸಿಕೊಳ್ಳಬೇಕೋ ಬೇಡವೋ ಅಂತ ತೀರ್ಮಾನಿಸುವ ಅಧಿಕಾರ ಎಷ್ಟೋ ರಾಜ್ಯಗಳಲ್ಲಿ ಆಯಾ ಡಿಸ್ಟ್ರಿಕ್ಟ್‌ಗೇ ಇದೆ. ಒಹಾಯೋದಲ್ಲಿ ದೊಡ್ಡ ನಗರಗಳ ಸುತ್ತ ಇರುವ ಉಪನಗರಗಳಲ್ಲಿ ಬಹಳಷ್ಟು ಇದಕ್ಕೆ ಒಪ್ಪಿಲ್ಲ. ವಿಲಿಯಮ್ಸ್-ಬೋಲರ್ ಪ್ರಕರಣದ ಕಾಲಕ್ಕೆ ಕಾಪ್ಲಿ-ಫೇರ್‌ಲಾನ್ ಕೂಡ ಒಪ್ಪಿರಲಿಲ್ಲ.